ಹಂಪಕ್ಕನ ಕಾಲೊಳಗಿನ ಲೇಪ

ನಮ್ಮ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಊರಿನವರಿಗೆ ಸ್ವಲ್ಪ ನಾಚಿಕೆಯಾದೀತು, ನನಗೆ ಇನ್ನೂ ಹೆಚ್ಚು. ಅಲ್ಲಿ ಲೇಪ ಹಚ್ಚುವುದೇ ದೊಡ್ಡ ಕಸುಬು. ಕೋಟೆಯ ಬಾಗಿಲಿಗೆ, ತೋಪಿಗೆ, ಸತ್ತ ಮಂತ್ರಿಗಳ ಪ್ರತಿಮೆಗೆ, ಬದುಕಿರುವ ಮಂತ್ರಿಗಳ ಮಾತಿಗೆ, ಎಲ್ಲಕ್ಕೂ ಒಂದೊಂದು ಲೇಪ. ಯಾವುದು ಒಳ್ಳೆಯ ಲೇಪ, ಯಾವುದು ಕೆಟ್ಟದ್ದು ಎಂದು ತೀರ್ಮಾನಿಸಲು ಲೇಪ ಪರಿಷತ್ತು ಎಂಬ ಹಿರಿಯರ ಸಭೆಯಿತ್ತು. ಅದರ ಬಾಗಿಲ ಮೇಲೆ ‘ಅಳಿಯದ್ದೇ ಲೇಪ’ ಎಂದು ಕೆತ್ತಿಸಿದ್ದರು. ಆ ಅಕ್ಷರಗಳು ಮಾಸದಂತೆ ಲೇಪ ಹಚ್ಚಿದವನು ನಾನೇ. ವಿರೂಪಣ್ಣ ಎಂದರೆ ಆಗ ಊರಲ್ಲಿ ಒಂದು ತೂಕವಿತ್ತು. ತೂಕ ಹಾಕಿದವನೂ ಬಹುಮಟ್ಟಿಗೆ ನಾನೇ.

ಒಂದು ದಿನ ಆಸ್ಪತ್ರೆಯ ಮೂಳೆ ಡಾಕ್ಟರು ಜೈಬುನ್ನೀಸಾ ನನ್ನ ಕಾರ್ಖಾನೆಗೆ ಬಂದರು. ಕೈಯಲ್ಲಿ ಬೆರಳುದ್ದದ ಒಂದು ಲೋಹದ ಪಟ್ಟಿಯಿತ್ತು. ಎತ್ತಿ ನೋಡಿದೆ. ಹಪ್ಪಳದಷ್ಟು ಹಗುರ.

“ಇದು ಮೆಗ್ನೀಸಿಯಂ ಬೆರಕೆಯ ಲೋಹ,” ಎಂದರು ಡಾಕ್ಟರಮ್ಮ. “ನೇಕಾರರ ಕೇರಿಯ ಹಂಪಕ್ಕ ಏಣಿಯಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಎರಡು ತುಂಡಾಗಿದೆ. ಉಕ್ಕಿನ ಪಟ್ಟಿ ಹಾಕಿದರೆ ಮುಂದೆ ಮತ್ತೆ ಕಾಲು ಕೊಯ್ದು ಅದನ್ನು ತೆಗೀಬೇಕು. ಅದಕ್ಕೆ ಆಕೆ ಒಪ್ಪುತ್ತಿಲ್ಲ. ಎರಡೆರಡು ಸಲ ಸೀಳೋಕೆ ನಾನೇನು ಬದನೆಕಾಯಿನಾ ಅಂತ ಕೇಳ್ತಾಳೆ. ಈ ಲೋಹವಾದರೆ ಮೂಳೆ ಕೂಡುವ ತನಕ ಹಿಡಿದುಕೊಂಡಿದ್ದು, ಆಮೇಲೆ ಮೈಯೊಳಗೇ ಕರಗಿ ಹೋಗುತ್ತದೆ.”

“ಹಾಗಾದರೆ ನನ್ನ ಕೆಲಸವೇನು?”

“ಇದಕ್ಕೆ ಅವಸರ ಜಾಸ್ತಿ. ಮೈಯ ಉಪ್ಪುನೀರು ತಾಗಿದ ಕೂಡಲೇ ಕರಗೋಕೆ ಶುರುಮಾಡುತ್ತದೆ. ಜೊತೆಗೆ ಗಾಳಿಗುಳ್ಳೆ ಎಬ್ಬಿಸುತ್ತದೆ. ಗಾಯ ತೆರೆದಾಗ ರೋಗಾಣುಗಳೂ ನುಗ್ಗುತ್ತವೆ. ಮೂರು ತಿಂಗಳು ಇದನ್ನು ಕಾಪಾಡುವ, ರೋಗಾಣುಗಳನ್ನು ದೂರ ಇಡುವ ಒಂದು ಲೇಪ ಬೇಕು. ಮೂರು ತಿಂಗಳಾದ ಮೇಲೆ ಆ ಲೇಪವೂ ಹೋಗಬೇಕು.”

ಮನುಷ್ಯನಿಗೆ ಎರಡು ಕಿವಿ ಇದ್ದರೂ ಕೆಲವು ಸಲ ಮಾತಿನ ಅರ್ಧವೇ ಒಳಗೆ ಹೋಗುತ್ತದೆ. ಕಾಪಾಡಬೇಕು ಎಂಬುದು ನನಗೆ ಕೇಳಿಸಿತು. ಹೋಗಬೇಕು ಎಂಬುದು ಕೇಳಿಸಿತೋ ಇಲ್ಲವೋ, ಇಂದಿಗೂ ಆಣೆ ಮಾಡಿ ಹೇಳಲಾರೆ.

ಬರಿಯ ಪಟ್ಟಿಯನ್ನು ಉಪ್ಪುನೀರಿನಲ್ಲಿ ಮುಳುಗಿಸಿ ನೋಡಿದೆ. ಗೋಲಿಸೋಡಾದಂತೆ ಬುಸ್ಸೆಂದಿತು. ಎರಡು ವಾರಕ್ಕೆ ಅದು ಇಲಿ ಕಡಿದ ಕೊಬ್ಬರಿಯ ಹಾಗಾಯಿತು. ಇಂಥ ದುರ್ಬಲನನ್ನು ಲೋಕದ ಮುಂದೆ ನಿಲ್ಲಿಸುವ ಭಾಗ್ಯ ನನಗೆ ಸಿಕ್ಕಿತಲ್ಲ ಎಂದು ಉಬ್ಬಿ ಹೋದೆ. ಕೋಟೆ ಬಾಗಿಲಿಗೆ ಹಚ್ಚುವ ಪಿಂಗಾಣಿಯಂಥ ಲೇಪವನ್ನೇ ಸಣ್ಣಗೆ ಅರೆದು ಬೇರೆ ಪಟ್ಟಿಗಳಿಗೆ ಏಳು ಪದರ ಹಚ್ಚಿದೆ. ರೋಗಾಣುಗಳಿಗೆ ಬೆಳ್ಳಿ ವಿಷ. ಆದ್ದರಿಂದ ಪ್ರತಿ ಪದರಕ್ಕೂ ಬೆಳ್ಳಿ ಬೆರೆಸಿದೆ. ಒಂದು ಚಿಟಿಕೆ ಸಾಕಾಗಿದ್ದ ಕಡೆ ಒಂದು ಹಿಡಿ ಹಾಕಿದೆ. ನಾನು ಯಾವತ್ತೂ ಕೈ ಬಿಗಿಹಿಡಿದವನಲ್ಲ.

ಪರಿಷತ್ತು ಅವುಗಳಲ್ಲಿ ಒಂದನ್ನು ಉಪ್ಪುನೀರಿನಲ್ಲಿ ಕುದಿಸಿತು, ಕಲ್ಲಿಗೆ ಉಜ್ಜಿತು, ಕೊಚ್ಚೆಯಲ್ಲಿ ಹೂಳಿ ಮೇಲೆತ್ತಿತು. ಒಂದು ಗೀರೂ ಬೀಳಲಿಲ್ಲ. ಹತ್ತಿರ ಬಂದ ರೋಗಾಣು ಒಂದೂ ಉಳಿಯಲಿಲ್ಲ. ಪರಿಷತ್ತಿನ ಹಿರಿಯ ಪರೀಕ್ಷಕರು, ಎಪ್ಪತ್ತು ದಾಟಿದ ಅಧ್ಯಾಪ್ಪನವರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ಶಾಲು ಹೊದಿಸಿ ‘ಲೇಪರತ್ನ’ ಎಂಬ ಬಿರುದು ಕೊಟ್ಟರು.

ಡಾಕ್ಟರಮ್ಮ ಮಾತ್ರ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು. “ವಿರೂಪಣ್ಣನವರೇ, ಇದು ಕರಗುತ್ತದೆ ತಾನೇ?”

“ಕಾಲ ಬಂದಾಗ ಕರಗುತ್ತೆ,” ಎಂದೆ. ಸುಳ್ಳಲ್ಲ. ಕಾಲ ಬಂದರೆ ಬೆಟ್ಟವೂ ಕರಗುತ್ತದೆ.

ಅಂಥದೇ ಇನ್ನೊಂದು ಪಟ್ಟಿಯನ್ನು ಹಂಪಕ್ಕನ ಕಾಲೊಳಗೆ ಕೂರಿಸಿದರು. ಐವತ್ತು ದಾಟಿದ ಹೆಂಗಸು, ಗಂಡನಿಲ್ಲ. ಮನೆಯ ಕುಣಿಮಗ್ಗವೇ ಆಕೆಯ ಅನ್ನ. ಆ ಮಗ್ಗಕ್ಕೆ ಎರಡು ಕಾಲೂ ಬೇಕು. ಕುಣಿಯಲ್ಲಿ ಕಾಲಿಳಿಬಿಟ್ಟು ಒಂದಾದ ಮೇಲೊಂದು ಹಲಗೆ ತುಳಿದರೆ ಮಾತ್ರ ನೂಲು ಬಾಯಿ ಬಿಡುತ್ತದೆ, ಲಾಳಿ ಓಡುತ್ತದೆ. ಒಂಟಿ ಕಾಲಲ್ಲಿ ನೇಯಲು ಆಗದು. ಮೂರು ತಿಂಗಳು ತಾನೇ ಎಂದು ಆಕೆ ಮಗ್ಗಕ್ಕೆ ಹಳೆಯ ಸೀರೆ ಹೊದಿಸಿ ಗೋಡೆಗೊರಗಿ ಕೂತಳು.

ಮೂರು ತಿಂಗಳಾಯಿತು, ನಾಲ್ಕಾಯಿತು. ಕಾಲೂರಿದರೆ ಪ್ರಾಣ ಹೋದ ಹಾಗಾಗುತ್ತಿತ್ತು. ಡಾಕ್ಟರಮ್ಮ ಎಕ್ಸ್‌ರೇ ತೆಗೆದರು. ಪಟ್ಟಿ ಮದುಮಗಳಂತೆ ಹೊಳೆಯುತ್ತಿತ್ತು. ಅದರ ಆಚೆ ಒಂದು ತುಂಡು ಮೂಳೆ, ಈಚೆ ಒಂದು ತುಂಡು. ಭಾಗವಾದ ಅಣ್ಣತಮ್ಮಂದಿರ ಹಾಗೆ ಒಂದನ್ನೊಂದು ನೋಡದೆ ನಿಂತಿದ್ದವು. ನನ್ನ ಬೆಳ್ಳಿ ರೋಗಾಣುಗಳನ್ನು ಕೊಂದದ್ದಲ್ಲದೆ, ಮೂಳೆ ಕಟ್ಟಲು ಬಂದ ಜೀವಕಣಗಳನ್ನೂ ಕೊಂದಿತ್ತು. ಬಾಗಿಲಲ್ಲಿ ಕಳ್ಳರನ್ನು ತಡೆಯಲು ನಿಲ್ಲಿಸಿದ ಕಾವಲುಗಾರ ಗಾರೆ ಕೆಲಸದವರನ್ನೂ ಹೊಡೆದೋಡಿಸಿದ್ದ.

ಪರಿಷತ್ತು ಆಸ್ಪತ್ರೆಗೇ ಬಂದು ಆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿತು.

“ಅಬ್ಬಾ! ಒಂದು ಕೂದಲಷ್ಟೂ ಸವೆದಿಲ್ಲ,” ಎಂದರು ಅಧ್ಯಾಪ್ಪನವರು.

ಮಂಚದ ಮೇಲಿದ್ದ ಹಂಪಕ್ಕ ಕೇಳಿದಳು. “ಸ್ವಾಮಿ, ನನ್ನ ಕಾಲು?”

“ಅದು ನಮ್ಮ ವಿಭಾಗಕ್ಕೆ ಬರೋದಿಲ್ಲಮ್ಮ.”

ಎಲ್ಲರೂ ನನ್ನ ಕೈ ಕುಲುಕಿದರು. ನಾನೂ ಕುಲುಕಿದೆ. ಈ ಕಥೆಯಲ್ಲಿ ನನ್ನ ಬಗ್ಗೆ ಹೇಳಬೇಕಾದ ಅತಿ ಕೆಟ್ಟ ಮಾತು ಇದೇ. ಆ ಹೊತ್ತಿನಲ್ಲಿ ನನಗೆ ನಿಜವಾಗಿಯೂ ಸಂತೋಷವಾಗಿತ್ತು.

ಬದನೆಕಾಯಿ ಅಲ್ಲ ಎಂದವಳ ಕಾಲನ್ನು ಮತ್ತೆ ಸೀಳಬೇಕಾಯಿತು. ಪಟ್ಟಿಯನ್ನು ಹೊರಗೆ ತೆಗೆದ ಡಾಕ್ಟರಮ್ಮ ಅದನ್ನು ಒಂದು ತಟ್ಟೆಯಲ್ಲಿಟ್ಟು ನನ್ನ ಮುಂದೆ ತಳ್ಳಿದರು. ಒಂದೇ ಒಂದು ಬೈಗುಳ ಬರಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಬೇರೆ ದಾರಿ ಕಾಣದೆ ಹಂಪಕ್ಕನನ್ನು ನೋಡಲು ಹೋದೆ. ಕಿತ್ತಳೆ ಹಣ್ಣು ಒಯ್ದಿದ್ದೆ, ತಪ್ಪು ಮಾಡಿದವರೆಲ್ಲ ಒಯ್ಯುವಂತೆ.

“ಕೂತ್ಕೋ ವಿರೂಪಣ್ಣ,” ಎಂದಳು. “ಅಂಥಾದ್ದೇನು ಹಚ್ಚಿದ್ದೀಯಪ್ಪಾ ಅದಕ್ಕೆ?”

ನಾನು ಏಳು ಪದರಗಳ ವಿವರ ಹೇಳತೊಡಗಿದೆ. ಆಕೆ ಹಣ್ಣು ಸುಲಿಯುತ್ತ ನಾಲ್ಕನೆಯ ಪದರದವರೆಗೆ ಕೇಳಿದಳು.

“ನಾವು ನೂಲಿಗೆ ಗಂಜಿ ಹಾಕೋದು ನೋಡಿದ್ದೀಯಾ?”

“ನೋಡಿದ್ದೀನಿ ಹಂಪಕ್ಕ.”

“ಯಾಕೆ ಹಾಕ್ತೀವಿ?”

“ನೂಲು ಗಟ್ಟಿಯಾಗಲಿ ಅಂತ.”

“ಮಗ್ಗದ ಮೇಲೆ ಹರೀದೇ ಇರ್ಲಿ ಅಂತ. ಅಷ್ಟೇ. ನೇಯ್ದು ಮುಗಿಸಿ ಒಂದು ಸಲ ನೀರಿಗೆ ಅದ್ದಿದ್ರೆ ಗಂಜಿ ಹೋಗಿಬಿಡ್ಬೇಕು. ಹೋಗಲಿಲ್ಲ ಅಂದ್ರೆ ಅದು ಸೀರೆ ಅಲ್ಲಪ್ಪ, ಸಂಡಿಗೆ. ಉಟ್ಟುಕೊಂಡು ಕೂತರೆ ಮುರಿಯುತ್ತೆ.” ಒಂದು ತೊಳೆ ಬಾಯಿಗೆ ಹಾಕಿಕೊಂಡಳು. “ಗಂಜಿ ಎಷ್ಟು ಚೆನ್ನಾಗಿದೆ ಅಂತ ಯಾರೂ ಸೀರೆ ತಗೊಳ್ಳಲ್ಲ.”

ಇಪ್ಪತ್ತೆರಡು ವರ್ಷ ಪರಿಷತ್ತಿನ ಗ್ರಂಥಗಳನ್ನು ಓದಿ ಕಲಿಯದ್ದನ್ನು ಕಾಲು ಮುರಿದ ಹೆಂಗಸಿನಿಂದ ಕಲಿತೆ ಎಂದು ಹೇಳಿಕೊಳ್ಳುವುದು ಈಗ ಚೆನ್ನಾಗಿ ಕೇಳಿಸುತ್ತದೆ. ಆಗ ಹಾಗಿರಲಿಲ್ಲ. ಸಿಟ್ಟು ಬಂತು. ಗಂಜಿ ಬೇಯಿಸುವವಳು ನನಗೆ ಪಾಠ ಹೇಳುವುದೇ ಎಂದುಕೊಂಡು ಮನೆಗೆ ಬಂದೆ. ಮೂರು ದಿನ ಸಿಟ್ಟಿನಲ್ಲಿದ್ದೆ. ನಾಲ್ಕನೆಯ ದಿನ ಕಾರ್ಖಾನೆಯ ಕದ ಮುಚ್ಚಿಕೊಂಡು ತೆಳ್ಳಗೆ ಲೇಪ ಹಚ್ಚುವುದನ್ನು ಕಲಿಯತೊಡಗಿದೆ.

ದಪ್ಪ ಹಚ್ಚುವುದು ಸುಲಭ. ತೆಳ್ಳಗೆ ಹಚ್ಚಲು ಕೈ ಬಿಗಿಹಿಡಿಯಬೇಕು. ಮೊದಲ ಹತ್ತು ಪಟ್ಟಿಗಳು ಉಪ್ಪುನೀರಿನಲ್ಲಿ ವಾರವೂ ನಿಲ್ಲಲಿಲ್ಲ. ಕೊನೆಗೆ ಮೂಳೆಯಲ್ಲೇ ಇರುವ ಸುಣ್ಣದಂಥ ಪದಾರ್ಥವನ್ನು ಒಂದು ಪದರ ಹಚ್ಚಿ, ಅದರ ಮೇಲೆ ಚಿಟಿಕೆ ಬೆಳ್ಳಿ ಸವರಿದೆ. ರೋಗಾಣುಗಳ ನುಗ್ಗಾಟವೆಲ್ಲ ಮೊದಲ ಕೆಲವು ದಿನ ಮಾತ್ರ. ಅಷ್ಟರಲ್ಲಿ ಬೆಳ್ಳಿ ತನ್ನ ಕೆಲಸ ಮುಗಿಸಿ ಹೋಗುವಂತೆ ಮಾಡಿದೆ. ಒಳಗಿನ ಪದರ ನಿಧಾನವಾಗಿ ಸವೆಯುತ್ತ, ಮೂಳೆ ಕಟ್ಟಲು ಬಂದ ಜೀವಕಣಗಳಿಗೆ ಕೂರಲು ಜಾಗ ಕೊಡುವಂತಿತ್ತು. ಪಟ್ಟಿಯನ್ನು ಕೈಯಲ್ಲಿ ಹಿಡಿದರೆ ಲೇಪ ಹಚ್ಚಿದಂತೆಯೇ ಕಾಣುತ್ತಿರಲಿಲ್ಲ. ನನಗಂತೂ ಬಟ್ಟೆಯಿಲ್ಲದೆ ಬೀದಿಗೆ ಬಂದ ಹಾಗಾಯಿತು.

ಡಾಕ್ಟರಮ್ಮ ಅದನ್ನು ಉಪ್ಪುನೀರಿನಲ್ಲಿ ತಾವೇ ಮೂರು ತಿಂಗಳು ಇಟ್ಟು ನೋಡಿದರು. ನನ್ನ ಮಾತನ್ನು ನಂಬುವುದನ್ನು ಅವರು ಬಿಟ್ಟಿದ್ದರು. ಅಷ್ಟು ದಿನವೂ ಹಂಪಕ್ಕನ ಕಾಲು ಪ್ಲಾಸ್ಟರಿನ ಕಟ್ಟಿನಲ್ಲೇ ಇತ್ತು. ಆಮೇಲೆ ಅಂಥದೇ ಹೊಸ ಪಟ್ಟಿಯನ್ನು ಹಿಡಿದು, ನನ್ನನ್ನೂ ಕರೆದುಕೊಂಡು ಹಂಪಕ್ಕನ ಬಳಿ ಹೋಗಿ ಒಪ್ಪಿಗೆ ಕೇಳಿದರು.

“ಇದು ಹೋಗುತ್ತಾ?” ಎಂದು ಹಂಪಕ್ಕ ನನ್ನನ್ನೇ ನೋಡಿ ಕೇಳಿದಳು.

“ಹೋಗುತ್ತೆ.”

“ಮುಖ ನೋಡಿದ್ರೆ ನಿನಗೆ ಇಷ್ಟ ಇದ್ದ ಹಾಗಿಲ್ಲ.”

“ಇಲ್ಲ,” ಎಂದೆ.

“ಹಂಗಾದ್ರೆ ಹಾಕಿ,” ಎಂದಳು.

ಮೂರನೆಯ ತಿಂಗಳಿಗೆ ಮೂಳೆ ಕೂಡಿತು. ಐದನೆಯ ತಿಂಗಳಿಗೆ ನೇಕಾರರ ಕೇರಿಯಲ್ಲಿ ಆಕೆಯ ಮಗ್ಗದ ಸದ್ದು ಕೇಳಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಕಾಲೊಳಗೆ ಲೇಪವೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ಎಕ್ಸ್‌ರೇಯಲ್ಲಿ ಬರಿಯ ಮೂಳೆ.

ನಾನು ಆ ಎಕ್ಸ್‌ರೇಯನ್ನು ಎದೆಗವಚಿಕೊಂಡು ಪರಿಷತ್ತಿಗೆ ಓಡಿದೆ. ಇನ್ನೊಂದು ಬಿರುದಿನ ಆಸೆ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ, ನಂಬಲೂಬಾರದು. ಅಧ್ಯಾಪ್ಪನವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಲೇಪ ಎಲ್ಲಿ?”

“ಹೋಯಿತು.”

“ಪಟ್ಟಿ?”

“ಅದೂ ಹೋಯಿತು.”

“ಮುರಿದ ಗುರುತು?”

“ಅದೂ ಇಲ್ಲ ಸ್ವಾಮಿ.”

ಸಭೆ ಒಳಕೋಣೆಗೆ ಹೋಗಿ ಚರ್ಚಿಸಿ ಹೊರಗೆ ಬಂತು. ತೀರ್ಪು ಚಿಕ್ಕದಾಗಿತ್ತು. ಕಾಲಿನಲ್ಲಿ ಲೇಪವಿಲ್ಲ, ಆದ್ದರಿಂದ ಲೇಪ ಹಚ್ಚಿಲ್ಲ. ಮುರಿದ ಗುರುತಿಲ್ಲ, ಆದ್ದರಿಂದ ಕಾಲು ಮುರಿದದ್ದು ಸಂದೇಹಾಸ್ಪದ. ಹಿಂದೆ ಅದೇ ಹೆಂಗಸಿನ ಕಾಲಿಂದ ಹೊರಬಂದ ಏಳು ಪದರದ ಪಟ್ಟಿ ಮಾತ್ರ ಸಾಟಿಯಿಲ್ಲದ ಸಾಧನೆ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೆ ನನ್ನ ಹೆಸರು ಬರೆಸಿ, ಮುಂದಿನ ಪೀಳಿಗೆಗೆ ತೋರಿಸತಕ್ಕದ್ದು. ಈ ತೀರ್ಮಾನಕ್ಕೆ ನನ್ನ ಒಪ್ಪಿಗೆ ಇದೆಯೇ ಎಂದು ಕೇಳಿದರು.

ನನ್ನ ಜಾಗದಲ್ಲಿ ಒಬ್ಬ ದೊಡ್ಡ ಮನುಷ್ಯ ಇದ್ದಿದ್ದರೆ ಏನು ಹೇಳುತ್ತಿದ್ದ ಎಂದು ನನಗೆ ಗೊತ್ತು. ನಾನು ಸಹಿ ಹಾಕಿದೆ. ಅಕ್ಷರ ಚೆನ್ನಾಗಿ ಬಂತು.

ಇದಾಗಿ ಒಂದು ವರ್ಷದ ಮೇಲೆ, ಸಂತೆಯಲ್ಲಿ ಹಂಪಕ್ಕ ಎದುರಾದಳು. ತಲೆಯ ಮೇಲೆ ಸೀರೆಗಳ ಗಂಟು. ಬಿರುಸಾಗಿ ಹೋಗುತ್ತಿದ್ದವಳು ನನ್ನ ಗುರುತು ಹಿಡಿದು ನಿಂತಳು. ಆ ಗಾಜಿನ ಪೆಟ್ಟಿಗೆಯ ವಿಷಯ ಎತ್ತುವಳೇನೋ ಎಂದು ಅಳುಕಿದೆ. ಎತ್ತಲಿಲ್ಲ. ಪರಿಷತ್ತು ಏನೇ ಬರೆದಿರಲಿ, ಈಕೆಯೊಬ್ಬಳಿಗಾದರೂ ನನ್ನ ತೆಳ್ಳನೆಯ ಲೇಪ ನೆನಪಿದ್ದೀತು, ಒಂದು ಒಳ್ಳೆಯ ಮಾತು ಆಡಿಯಾಳು ಎಂಬ ಆಸೆ ಬಂತು.

“ಕಾಲು ಹೇಗಿದೆ ಹಂಪಕ್ಕ?” ಎಂದೆ.

“ಯಾವ ಕಾಲು?” ಎಂದಳು.

ಅಷ್ಟರಲ್ಲಿ ಯಾರೋ ಗಿರಾಕಿ ಕೂಗಿದರು. ಆಕೆ ಗಂಟು ಸರಿಪಡಿಸಿಕೊಂಡು ಜನರ ನಡುವೆ ಹೊರಟಳು. ಎಡಗಾಲೋ ಬಲಗಾಲೋ ಎಂದು ನನಗೂ ಸಟ್ಟನೆ ನೆನಪಾಗಲಿಲ್ಲ. ನಡಿಗೆ ನೋಡಿದರೆ ತಿಳಿದೀತೆಂದು ಹಿಂದೆಯೇ ಹೋದೆ. ಬಟ್ಟೆ ಸಾಲು ದಾಟಿದೆ, ಬೆಲ್ಲದ ಸಾಲು ದಾಟಿದೆ. ಎರಡು ಕಾಲೂ ಒಂದೇ ಸಮನೆ ಬೀಳುತ್ತಿದ್ದವು. ಕುಂಬಾರರ ಸಾಲಿನ ಹತ್ತಿರ ನನಗೆ ಏದುಸಿರು ಬಂತು. ಒಂದು ಬೋರಲು ಹಾಕಿದ ಬಾನಿಯ ಮೇಲೆ ಕೂತುಬಿಟ್ಟೆ. ಆಕೆ ಹಿಂದಿರುಗಿ ನೋಡಲಿಲ್ಲ.