ವೇಸ್ಟ್ ಎಂಬ ಫೋಲ್ಡರ್

ನಮ್ಮ ಮಾವನ ಸ್ಟುಡಿಯೋದಲ್ಲಿ ಯಾರೂ ನಗಬಾರದು. ಹಾಗಂತ ಬೋರ್ಡೇನೂ ಹಾಕಿಲ್ಲ. ಸ್ಟೂಲಿನ ಮೇಲೆ ಕೂತವರ ತುಟಿ ಸ್ವಲ್ಪ ಅರಳಿದರೂ ಮಾವ ಕ್ಯಾಮೆರಾದಿಂದ ಕಣ್ಣು ತೆಗೆದು, ಲೋಟ ಒಡೆದ ಮಗುವನ್ನು ನೋಡುವ ಹಾಗೆ ನೋಡುತ್ತಾರೆ. ಅಷ್ಟು ಸಾಕು. ರಸ್ತೆಯ ಆಚೆ ಬದಿಗೆ ಇನ್ನೊಂದು ಸ್ಟುಡಿಯೋ ಇದೆ. ಅದರ ಮಾಲೀಕ ಬಂದವರಿಗೆಲ್ಲ ‘ಹಲ್ಲು ತೋರಿಸಿ’ ಅನ್ನುತ್ತಾನೆ. ಅದಕ್ಕೇ ಅವನಿಗೆ ಹಲ್ಲಣ್ಣ ಅಂತ ಹೆಸರು ಬಿದ್ದಿದೆ. ಜನ ಅವನ ಹತ್ತಿರವೇ ಹೆಚ್ಚು ಹೋಗುತ್ತಾರೆ. ಮಾವ ಮಾತ್ರ ಅದು ಸ್ಟುಡಿಯೋ ಅಲ್ಲ, ಹಲ್ಲಿನ ಆಸ್ಪತ್ರೆ ಎನ್ನುತ್ತಾರೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಶಾಲೆ ಬಿಟ್ಟ ಮೇಲೆ ನಾನು ಇಲ್ಲಿಗೆ ಬಂದೆ. ಫೋಟೋಗಳನ್ನು ಕ್ಯಾಮೆರಾದಿಂದ ಕಂಪ್ಯೂಟರಿಗೆ ಇಳಿಸುವುದು, ಪ್ರಿಂಟ್ ಆದದ್ದನ್ನು ಕತ್ತರಿಸಿ ಕವರಿಗೆ ಹಾಕುವುದು ನನ್ನ ಕೆಲಸ. ಗಿರಾಕಿಗಳ ಹತ್ತಿರ ಮಾತಾಡುವುದು ನನ್ನಿಂದಾಗದು. ಮಾತಾಡು ಎಂದು ನನಗೆ ಯಾರೂ ಹೇಳುವುದೂ ಇಲ್ಲ.

ಮುಂದೆ ಸ್ಟುಡಿಯೋ, ಹಿಂದೆ ಮನೆ. ನಡುವಿನ ಕೋಣೆಯಲ್ಲಿ ಅತ್ತೆಯ ಹೊಲಿಗೆ ಮಿಷನ್ನು. ಗಿರಾಕಿ ಬಂದ ಕೂಡಲೇ ಮಾವ ಅವರನ್ನು ಸ್ಟೂಲಿನ ಮೇಲೆ ಕೂರಿಸುವುದಿಲ್ಲ. ಮೊದಲು ‘ಇವಳೇ, ಒಂದ್ನಿಮಿಷ ಬಾ’ ಎಂದು ಒಳಗೆ ಕೂಗುತ್ತಾರೆ. ಅತ್ತೆ ಮಿಷನ್ನು ನಿಲ್ಲಿಸಿ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇರುವಂತೆ ಎದ್ದು ಬಂದು ಪರದೆಯ ಮುಂದೆ ನಿಲ್ಲುತ್ತಾರೆ. ಮಾವ ಕೈಗೆ ಬಿಳಿ ಹಾಳೆ ಕೊಡುತ್ತಾರೆ. ಅದನ್ನು ಎದೆಗೆ ಹಿಡಿದರೆ ಬಣ್ಣ ಸರಿಯಾಗಿ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಎರಡು ಮೂರು ಸಲ ಕ್ಲಿಕ್ಕಿಸಿ, ದೀಪವನ್ನು ಅತ್ತ ಇತ್ತ ಸರಿಸಿ, ‘ಸರಿ, ಹೋಗು’ ಎನ್ನುತ್ತಾರೆ. ಗಿರಾಕಿಯನ್ನು ದೀಪದ ಮುಂದೆ ಸುಮ್ಮನೆ ಬೇಯಿಸಬಾರದು ಎನ್ನುವುದು ಅವರ ಧರ್ಮ. ಹೆಂಡತಿ ಬೆಂದರೆ ಪರವಾಗಿಲ್ಲ. ಸಂಜೆ ನಾನು ಫೋಟೋ ಇಳಿಸುವಾಗ ಅತ್ತೆ ಇರುವ ಆ ಮೊದಲ ಎರಡು ಮೂರನ್ನು ತೆಗೆದು ‘ವೇಸ್ಟ್’ ಎಂಬ ಫೋಲ್ಡರಿಗೆ ಹಾಕಬೇಕು. ನಾನು ಬರುವುದಕ್ಕೆ ಮೊದಲು ಮಾವನೇ ಹಾಕುತ್ತಿದ್ದರು. ಅಳಿಸುವ ಹಾಗಿಲ್ಲ, ಅಳಿಸುವ ಬಟನ್ ಎಂದರೆ ಅವರಿಗೆ ಬೆಂಕಿಪೊಟ್ಟಣ ಇದ್ದ ಹಾಗೆ.

ಹೀಗಿರುವಾಗ ಅತ್ತೆಗೆ ಒಂದು ಫೋಟೋ ಬೇಕಾಯಿತು.

ಅತ್ತೆ ಹೊಲಿಗೆಯವರ ಸಂಘಕ್ಕೆ ಅಧ್ಯಕ್ಷೆಯಾಗಿದ್ದರು. ಅವಧಿ ಮುಗಿದ ಅಧ್ಯಕ್ಷರ ಫೋಟೋವನ್ನು ಸಂಘದ ಗೋಡೆಗೆ ಹಾಕುತ್ತಾರೆ. ಚೌಕಟ್ಟು ಆಗಲೇ ಬಂದಿತ್ತು. ಭಾನುವಾರದ ಸಭೆಗೆ ಒಂದು ಫೋಟೋ ಕೊಡಿ ಎಂದು ಅತ್ತೆ ಕೇಳಿದರು. ಮಾವ ತಲೆ ಎತ್ತದೆ, ಬಾ ಕೂತ್ಕೋ, ಈಗಲೇ ತೆಗೆದುಬಿಡ್ತೀನಿ ಎಂದರು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ನಿಂತೂ ನಿಂತೂ ಕಾಲು ಸವೆದಿದೆ. ಇನ್ನು ಕೂತು ಬೇರೆ ತೋರಿಸಬೇಕಾ? ಇಷ್ಟು ವರ್ಷದಲ್ಲಿ ತೆಗೆದಿರೋದ್ರಲ್ಲಿ ಒಂದು ಕೊಡಿ. ಇಲ್ಲ ಅಂತಾದ್ರೆ ಹೇಳಿ, ಎದುರುಗಡೆ ಹೋಗಿ ಹಲ್ಲು ತೋರಿಸಿ ಬರ್ತೀನಿ.”

ಅತ್ತೆ ಹೇಳಿದ್ದನ್ನು ಮಾಡುವವರು. ಫೋಟೋಗ್ರಾಫರನ ಹೆಂಡತಿ ರಸ್ತೆ ದಾಟಿ ಇನ್ನೊಬ್ಬನ ಸ್ಟೂಲಿನ ಮೇಲೆ ಕೂತರೆ, ಮಾರನೆಯ ದಿನದಿಂದ ಮಾವ ಬಾಗಿಲು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ನಿನ್ನದು ಸಾವಿರ ಇರಬೇಕು ಕಣೇ ಎಂದರು ಮಾವ. ಸಾವಿರ ಬೇಡ, ಒಂದು ಸಾಕು ಎಂದು ಅತ್ತೆ ಒಳಗೆ ಹೋದರು.

ಮಾವನ ಫೋಲ್ಡರುಗಳಲ್ಲಿ ಏನನ್ನಾದರೂ ಹುಡುಕಬೇಕೆಂದರೆ ಮಾವನ ತಲೆಯೊಳಗೇ ಇಳಿಯಬೇಕು. ‘ಕರೆಂಟು ಹೋದ ಮದುವೆ’, ‘ಕುಂಟು ಕುರ್ಚಿ’, ‘ಜಗಳಗಂಟ ಬೀಗರು’ ಎಂದೆಲ್ಲ ಹೆಸರು. ಬಹಳ ಬೇಕಾದ ಫೋಟೋಗಳಿಗೆ ‘ಮುಖ್ಯ’ ಎಂಬ ಫೋಲ್ಡರ್ ಇತ್ತು. ಅದು ಸಿಗದೇ ಹೋದಾಗ ‘ಬಹಳ ಮುಖ್ಯ’ ಹುಟ್ಟಿತು. ಅದರೊಳಗೆ ‘ಮುಖ್ಯ ಹೊಸದು’, ಅದರೊಳಗೆ ‘ಮುಖ್ಯ ಅಸಲಿ’, ಅದರೊಳಗೆ ಯಾರದೋ ಹಸು. ಅತ್ತೆಯ ಹೆಸರಿನ ಫೋಲ್ಡರ್ ಮಾತ್ರ ಇರಲಿಲ್ಲ. ಇರುವುದಾದರೂ ಹೇಗೆ? ಮಾವ ಅತ್ತೆಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ.

ಎರಡು ದಿನ ಹುಡುಕಿ, ಕೊನೆಗೆ ಮಾವ ಅಳಿಯನಿಗೆ, ಅಂದರೆ ತಮ್ಮ ಮಗಳ ಗಂಡನಿಗೆ, ಫೋನು ಮಾಡಿದರು. ಆ ಮಗಳನ್ನು ನಾನು ಅಕ್ಕ ಅನ್ನುತ್ತೇನೆ, ಅವರನ್ನು ಭಾವ. ಭಾವ ಒಂದು ದೊಡ್ಡ ಕಚೇರಿಯಲ್ಲಿ ಹಳೆಯ ಕಡತಗಳನ್ನು ಕಂಪ್ಯೂಟರಿಗೆ ಏರಿಸುವ ವಿಭಾಗದಲ್ಲಿದ್ದಾರೆ. ಶನಿವಾರ ಬೆಳಿಗ್ಗೆ ಬಂದು, ಷರ್ಟಿನ ತೋಳು ಮಡಚಿ, ಕನ್ನಡಕ ಒರೆಸಿ, ಆಪರೇಷನ್ನಿಗೆ ನಿಂತವರ ಹಾಗೆ ಕಂಪ್ಯೂಟರಿನ ಮುಂದೆ ಕೂತರು. ಅತ್ತೆಯ ಹೆಸರು ಹೊಡೆದು ಹುಡುಕಿದಾಗ ಒಂದು ಫೋಲ್ಡರ್ ಸಿಕ್ಕಿತು. ಮಾವನ ಮುಖ ಬೆಳಗಿತು. ತೆರೆದರೆ ಅದೇ ಹೆಸರಿನ ಬೇರೆ ಯಾರದೋ ಹೆಂಗಸಿನ ನಿವೃತ್ತಿ ಸಮಾರಂಭ.

ಹೀಗೆ ಹುಡುಕಿದರೆ ಆಗುವುದಿಲ್ಲ ಎಂದರು ಭಾವ. ಎಲ್ಲವನ್ನೂ ವರ್ಷ, ತಿಂಗಳು ಅಂತ ಜೋಡಿಸಿಬಿಟ್ಟರೆ ಯಾವುದೂ ಎಲ್ಲೂ ಓಡಿಹೋಗುವುದಿಲ್ಲವಂತೆ. ಜೋಡಿಸಲು ಹೊರಟರೆ ಕಂಪ್ಯೂಟರಿನಲ್ಲಿ ಜಾಗವಿಲ್ಲ. ಜಾಗ ತಿಂದವರು ಯಾರು ಎಂದು ನೋಡಿದರು. ಎಲ್ಲ ಮದುವೆಗಳನ್ನೂ ಹಸುವನ್ನೂ ಕೂಡಿಸಿದರೂ ಅದಕ್ಕಿಂತ ದೊಡ್ಡದಾಗಿ ಒಂದು ಫೋಲ್ಡರ್ ಬೆಳೆದು ಕೂತಿತ್ತು.

“ಮಾವ, ಈ ವೇಸ್ಟ್ ಅನ್ನೋದು ಬೇಕಾ?”

ಮಾವ ಆಗ ಒಂದು ಮಗುವಿಗೆ ನಗಬೇಡ ಎಂದು ಹೇಳುತ್ತಿದ್ದರು. ಅದಕ್ಕಲ್ವಾ ವೇಸ್ಟ್ ಅಂತ ಹೆಸರಿಟ್ಟಿರೋದು, ತೆಗೆದುಬಿಡಿ, ಆದರೆ ನೀವೇ ತೆಗೀರಿ, ನನಗೆ ಕೈ ಬರಲ್ಲ ಎಂದು ಅಲ್ಲಿಂದಲೇ ಹೇಳಿದರು. ನಾನು ಪಕ್ಕದಲ್ಲೇ ಕೂತು ಫೋಟೋ ಕತ್ತರಿಸುತ್ತಿದ್ದೆ. ದಿನಾ ಅದಕ್ಕೆ ತುಂಬಿಸುವವಳು ನಾನೇ. ನನಗೂ ಏನೂ ಹೊಳೆಯಲಿಲ್ಲ.

ಭಾವ ಅಳಿಸುವ ಬಟನ್ ಒತ್ತಿದರು. ಇದು ಕಸದ ಬುಟ್ಟಿಯಲ್ಲಿ ಹಿಡಿಸುವುದಿಲ್ಲ, ಅಳಿಸಿದರೆ ಶಾಶ್ವತವಾಗಿ ಹೋಗುತ್ತದೆ, ಖಂಡಿತಾ ಅಳಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಭಾವನ ಕೈ ನಿಂತಿತು. ಅವರ ಕಚೇರಿಯಲ್ಲಿ ಯಾವುದನ್ನೇ ಎಸೆಯುವುದಕ್ಕೆ ಮೊದಲು ಇನ್ನೊಬ್ಬರು ನೋಡಿ ‘ಆಗಬಹುದು’ ಎನ್ನಬೇಕಂತೆ. ಅವರು ನನ್ನ ಕಡೆ ನೋಡಿದರು. ನಾನು ಕತ್ತರಿ ನೋಡಿದೆ. ಅಷ್ಟರಲ್ಲಿ ಅತ್ತೆ ಟೀ ತಂದರು.

“ಅತ್ತೆ, ಒಂದು ನಿಮಿಷ. ಇದನ್ನ ಅಳಿಸಬಹುದಾ ಅಂತ ನೋಡಿ ಹೇಳಿ.”

ಫೋಲ್ಡರ್ ತೆರೆದುಕೊಂಡಿತು. ಪರದೆಯ ತುಂಬ ಚಿಕ್ಕ ಚಿಕ್ಕ ಚೌಕಗಳು, ಪ್ರತಿಯೊಂದರಲ್ಲೂ ಒಂದು ಬಿಳಿ ಹಾಳೆ, ಹಾಳೆಯ ಮೇಲ್ಗಡೆ ಒಂದು ಮುಖ. ಅತ್ತೆ ಟೀ ಲೋಟವನ್ನು ಭಾವನ ಕೈಗೆ ಕೊಡುವುದನ್ನು ಮರೆತು, ಇದ್ಯಾರು ಎಂದು ಕೇಳಿದರು. ಭಾವ ಒಂದನ್ನು ದೊಡ್ಡದು ಮಾಡಿದರು. ಆಮೇಲೆ ತಾವೇ ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಅತ್ತೆ ಕೂತು ಮೌಸಿನ ಚಕ್ರ ತಿರುಗಿಸುತ್ತಾ ಹೋದರು. ಕೂದಲು ಪೂರ್ತಿ ಕಪ್ಪಗಿದ್ದ ಅತ್ತೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ಅತ್ತೆ. ಒಂದು ಕೈಯಲ್ಲಿ ಹಾಳೆ, ಸೊಂಟದ ಮೇಲೆ ಅಕ್ಕ. ಕೆಳಗೆ ಹೋದ ಹಾಗೆ ಅಕ್ಕ ಸೊಂಟದಿಂದಿಳಿದು, ಪಕ್ಕದಲ್ಲಿ ನಿಂತು, ಹೆಗಲೆತ್ತರವಾಗಿ, ಮಾಯವಾದಳು. ಜ್ವರ ಬಂದಿದ್ದ ಅತ್ತೆ, ತಲೆಗೆ ಬಟ್ಟೆ ಸುತ್ತಿಕೊಂಡು, ಆಗಲೂ ಹಾಳೆ ಹಿಡಿದುಕೊಂಡೇ. ಎಲ್ಲದರಲ್ಲೂ ಕೊರಳಲ್ಲಿ ಟೇಪು. ಮುಕ್ಕಾಲು ಪಾಲಿನಲ್ಲಿ ಬಾಯಿ ತೆರೆದಿತ್ತು, ಏಕೆಂದರೆ ಅತ್ತೆ ಬೈಯುತ್ತಾ ಬಂದು ಬೈಯುತ್ತಾ ನಿಲ್ಲುವವರು. ಈಗ ಅವರು ಚಕ್ರ ತಿರುಗಿಸುತ್ತಲೇ ಇದ್ದರು. ಒಂದು ಕಡೆ ಮಾತ್ರ ಚಕ್ರ ನಿಲ್ಲಿಸಿ, ಈ ರವಿಕೆ ನಾನೇ ಹೊಲಿದಿದ್ದು, ತೋಳು ಕೆಟ್ಟಿತ್ತು ನೋಡು ಎಂದು ನನಗೆ ತೋರಿಸಿದರು.

ಮಾವ ಗಿರಾಕಿಯನ್ನು ಕಳಿಸಿ ಬಂದವರು ಹಿಂದೆ ನಿಂತರು. ಸ್ವಲ್ಪ ಹೊತ್ತು ನೋಡಿ, ಇದೆಲ್ಲ ಇವಳ ಫೋಟೋ ಅಲ್ಲ, ಬೆಳಕಿನ ಫೋಟೋ ಎಂದರು. ಬೆಳಕು ನೋಡೋವಾಗ ಮುಖ ಕಾಣಲ್ಲ ಎಂದು ಭಾವನಿಗೆ ವಿವರಿಸಿದರು. ಭಾವ ಟೀ ಇಲ್ಲದ ಕೈಯನ್ನು ನೋಡಿಕೊಂಡರು.

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಿ,” ಎಂದರು ಅತ್ತೆ. “ಸುಡೋಕೆ ಬೇರೆ ಹೊರಟಿದ್ರಿ. ಇದು ಬೇಕು ನನಗೆ.”

ಅವರು ಬೆರಳಿಟ್ಟದ್ದು ಅಧ್ಯಕ್ಷೆಯಾಗಿದ್ದ ಕಾಲದ್ದು. ಕೊರಳಲ್ಲಿ ಟೇಪು, ಎದೆಯ ಮೇಲೆ ಹಾಳೆ, ಹುಬ್ಬು ಗಂಟಿಕ್ಕಿ, ಬಾಯಿ ಪೂರ್ತಿ ತೆರೆದು ಯಾರಿಗೋ ಏನೋ ಹೇಳುತ್ತಿದ್ದರು. ಯಾರಿಗೆ ಎಂಬುದರಲ್ಲಿ ಸಂಶಯವಿರಲಿಲ್ಲ. ಮಾವ ಕೈ ಮುಗಿಯುವುದೊಂದು ಬಾಕಿ. ಒಂದು ಕಡೆ ಬೆಳಕು ಹೆಚ್ಚಾಗಿದೆ, ಫೋಕಸ್ ಕಿವಿಯ ಮೇಲಿದೆ, ಎಲ್ಲಕ್ಕಿಂತ ಮೇಲೆ ಹಲ್ಲು ಕಾಣುತ್ತಿದೆ ಎಂದರು.

“ಸಂಘದವರು ನನ್ನ ನೋಡಿರೋದೇ ಹೀಗೆ,” ಎಂದರು ಅತ್ತೆ. “ಬಾಯಿ ಮುಚ್ಚಿರೋ ಫೋಟೋ ಹಾಕಿದ್ರೆ ಇದ್ಯಾರು ಅಂತಾರೆ.”

ಭಾನುವಾರ ಗೋಡೆಯ ಮೇಲೆ ಹಳೆಯ ಅಧ್ಯಕ್ಷರೆಲ್ಲ ನಿದ್ದೆಗಣ್ಣಲ್ಲಿ ಸಾಲಾಗಿ ಕೂತಿದ್ದರು. ಕೊನೆಯಲ್ಲಿ ಅತ್ತೆ ಅವರನ್ನೆಲ್ಲ ಎಬ್ಬಿಸುವ ಹಾಗಿದ್ದರು. ಜನ ಅದರ ಮುಂದೆ ನಿಂತು ನಿಂತು ನಕ್ಕರು, ನಗುತ್ತಾ ಸ್ವಲ್ಪ ಹಿಂದೆಯೂ ಸರಿದರು. ಹಲ್ಲಣ್ಣನ ಹೆಂಡತಿಯೂ ಸಂಘದ ಸದಸ್ಯೆ, ಹಾಗಾಗಿ ಅವನೂ ಬಂದಿದ್ದ. ಮಾವನ ಪಕ್ಕಕ್ಕೆ ಬಂದು, “ಅಂತೂ ಹಲ್ಲು ತೆಗೆಯೋದು ಕಲಿತ್ರಿ ಅಣ್ಣಾ,” ಎಂದ. ಮಾವ, ಅದು ಬೇರೆಯೇ ಶೈಲಿ, ನಿಮಗೆ ಗೊತ್ತಾಗಲ್ಲ ಎಂದರು. ಆ ವಾರ ಸಂಘದ ಮೂರ್ನಾಲ್ಕು ಹೆಂಗಸರು ಬಂದು, ನಮ್ಮದೂ ಅಧ್ಯಕ್ಷರ ಫೋಟೋ ಥರಾ ತೆಗೀರಿ, ಬೈಯೋ ಹಾಗೆ ಎಂದು ಕೇಳಿದರು. ಮಾವ ಇದು ತಮ್ಮ ಬಹಳ ವರ್ಷಗಳ ಅಭ್ಯಾಸ ಎಂದು ಅವರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಒಂದು ರೀತಿಯಲ್ಲಿ ಸುಳ್ಳೇನಲ್ಲ.

ಭಾವ ಹೊರಡುವ ಮೊದಲು ಆ ಫೋಲ್ಡರಿಗೆ ಅತ್ತೆಯ ಹೆಸರಿಡಲು ಹೋಗಿದ್ದರು. ಅತ್ತೆ ಬಿಡಲಿಲ್ಲ. ಮುಖ್ಯ ಅಂತ ಹೆಸರಿಟ್ಟದ್ದೆಲ್ಲ ಈ ಮನೆಯಲ್ಲಿ ಕಳೆದುಹೋಗಿದೆ, ಇದು ಇರೋ ಹೆಸರಲ್ಲೇ ಇರಲಿ ಎಂದರು. ಭಾವ ಹಳೆಯ ಮದುವೆಗಳನ್ನೆಲ್ಲ ಒಂದು ಬೇರೆ ಡಿಸ್ಕಿಗೆ ಸಾಗಿಸಿ, ವೇಸ್ಟಿಗೆ ಇನ್ನೂ ಬೆಳೆಯಲು ಜಾಗ ಮಾಡಿಕೊಟ್ಟು ಹೋದರು.

ಮೊನ್ನೆ ಬೈಯುವ ಫೋಟೋಕ್ಕೆ ಬಂದ ಹೆಂಗಸೊಬ್ಬರು ಹೊರಗೆ ಕಾಯುತ್ತಿದ್ದರು. ಮಾವ ಎಂದಿನಂತೆ ಒಳಗೆ ಕೂಗಿದರು. ಮಿಷನ್ನು ನಿಂತಿತು. ಅತ್ತೆ ಬರಲು ಸ್ವಲ್ಪ ತಡವಾಯಿತು. ಬಂದಾಗ ತಲೆ ಬಾಚಿದ್ದರು, ಟೇಪು ಕೊರಳಲ್ಲಿರಲಿಲ್ಲ. ಹಾಳೆಯನ್ನು ನೆಟ್ಟಗೆ ಹಿಡಿದು, ತುಟಿ ಮುಚ್ಚಿ, ಗದ್ದ ಸ್ವಲ್ಪ ಎತ್ತಿ, ಮಾವ ಎಲ್ಲರಿಂದಲೂ ಬಯಸುವ ಹಾಗೇ ನಿಂತರು.

ಮಾವ ಕ್ಲಿಕ್ಕಿಸಿ ನೋಡಿದರು. ದೀಪ ಸರಿಸಿದರು, ಮತ್ತೆ ನೋಡಿದರು. ಪರದೆ ಎಳೆದು ಸರಿಮಾಡಿದರು. ಹೊರಗಿದ್ದ ಹೆಂಗಸು ಕೆಮ್ಮಿದರು.

“ಏನಾದ್ರೂ ಹೇಳೇ,” ಎಂದರು ಮಾವ.

ಅತ್ತೆ ತುಟಿ ಬಿಚ್ಚಲಿಲ್ಲ. ಮಾವ ಕ್ಯಾಮೆರಾದ ಹಿಂದೆ ಕಾಯುತ್ತಾ ನಿಂತರು.