ಏಳೂವರೆಯ ಐವತ್ತು ಸೆಕೆಂಡು

ಚಂದ್ರಾ ಲೇಔಟಿನ ಆ ಕ್ಲಿನಿಕ್ಕಿನಲ್ಲಿ ಜಗಳ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಶುರುವಾಗುತ್ತಿತ್ತು. ಕಾರಣ ನಾನು ಬರೆದ ಪ್ರೋಗ್ರಾಂ.

ನಮ್ಮದು ಬಸವೇಶ್ವರನಗರದ ಒಂದು ಮನೆಯ ಮೊದಲ ಮಹಡಿಯಲ್ಲಿರುವ ಸಣ್ಣ ಕಂಪನಿ. ಕ್ಲಿನಿಕ್ಕುಗಳಿಗೆ ಟೋಕನ್ ಕೊಡುವ ಸಾಫ್ಟ್‌ವೇರ್ ಮಾಡುತ್ತೇವೆ. ಗೋಡೆಗೆ ಅಂಟಿಸಿದ ಕ್ಯೂಆರ್ ಚೌಕವನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ನಂಬರು ಬರುತ್ತದೆ. ನಂಬರು ಕೊಡುವ ಪ್ರೋಗ್ರಾಂ ಇರುವುದು ರಿಸೆಪ್ಷನ್ ಮೇಜಿನ ಕೆಳಗಿನ ಪುಟ್ಟ ಕಂಪ್ಯೂಟರಿನಲ್ಲಿ. ಆ ದಿನ ಯಾವ ಡಾಕ್ಟರು ಬರುತ್ತಾರೆಂಬ ಪಟ್ಟಿ ಏಳೂಕಾಲು ದಾಟಿದ ಮೇಲೆಯೇ ಕೈಸೇರುವುದರಿಂದ ಏಳೂವರೆಗೆ ಅದನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಆ ದಿನದ ಟೋಕನ್ ಶುರುವಾಗುವುದೂ ಆಗಲೇ. ಹಳೆಯ ದಾಖಲೆಗಳನ್ನೆಲ್ಲ ಓದಿಕೊಂಡು ಕಣ್ಣು ಬಿಡಲು ಅದಕ್ಕೆ ಐವತ್ತು ಸೆಕೆಂಡು. ಅಷ್ಟರೊಳಗೆ ಸ್ಕ್ಯಾನ್ ಮಾಡಿದವರಿಗೆಲ್ಲ ‘ಸಂಪರ್ಕ ನಿರಾಕರಿಸಲಾಗಿದೆ’ ಎಂದು ಬರುತ್ತಿತ್ತು. ಐವತ್ತೊಂದನೇ ಸೆಕೆಂಡಿಗೆ ಬೈಕಿನಿಂದಿಳಿದು ಬಂದವನಿಗೆ ಒಂದನೇ ಟೋಕನ್.

ಆರ್‌ಪಿಸಿ ಲೇಔಟಿನಿಂದ ನಡೆದು ಬರುವ ಹನುಮಂತಯ್ಯನವರು ಸಕ್ಕರೆ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಆರು ಗಂಟೆಗೇ ಬಂದು ಕೂರುವವರು. ದೂರು ಕೇಳಿ ಬಾಸ್ ಜೊತೆ ನಾನು ಹೋಗಿದ್ದ ಬುಧವಾರ ಅವರಿಗೆ ಸಿಕ್ಕಿದ್ದು ಹತ್ತೊಂಬತ್ತನೇ ನಂಬರು.

“ಏನಮ್ಮಾ, ನಿಮ್ ಮಿಷಿನ್‌ಗೆ ಲೇಟಾಗ್ ಬರೋರ್ ಕಂಡ್ರೆ ಅಷ್ಟು ಪ್ರೀತಿನಾ?” ಎಂದರು. ನಾನು ನೆಲ ನೋಡಿದೆ.

ಕ್ಲಿನಿಕ್ ನಡೆಸುವ ಡಾಕ್ಟರ್ ಜಯದೇವಿ ನನ್ನ ಬಾಸ್ ಕಲ್ಮೇಶ್ ಅವರನ್ನು ಒಳಗೆ ಕರೆದರು. ಬಾಗಿಲು ಅರ್ಧ ತೆರೆದೇ ಇತ್ತು. “ಸೋಮವಾರ ಒಂದು ಚಾನ್ಸ್ ಕೊಡ್ತೀನಿ. ಮತ್ತೆ ಗಲಾಟೆ ಆದ್ರೆ ಬಿಚ್ಕೊಂಡ್ ಹೋಗಿ. ಇಪ್ಪತ್ ವರ್ಷ ಚೀಟೀಲೇ ನಡ್ಸಿದೀವಿ, ಯಾರೂ ಸತ್ತಿಲ್ಲ.”

ವಾಪಸು ಬರುವಾಗ ಕಲ್ಮೇಶ್ ಸ್ಕೂಟರ್ ಓಡಿಸುತ್ತಲೇ ಹೇಳಿದರು: “ಈ ಕ್ಲಿನಿಕ್ ಹೋದ್ರೆ ನಿನ್ ಕೆಲಸ ಪರ್ಮನೆಂಟ್ ಮಾಡೋಕೆ ನನ್ ಕೈಲಿ ಆಗಲ್ಲ ವಚನಾ. ಮುಚ್ಚುಮರೆ ಇಲ್ದೆ ಹೇಳ್ತಿದೀನಿ.” ನಾನು ತಲೆಯಾಡಿಸಿದೆ. ಹಿಂದೆ ಕೂತವಳ ತಲೆಯಾಟ ಅವರಿಗೆ ಕಾಣುವುದಿಲ್ಲ ಎಂದು ಹೊಳೆದದ್ದು ಹಾವನೂರು ಸರ್ಕಲ್ ದಾಟಿದ ಮೇಲೆ. ಹೇಳಬೇಕಾಗಿದ್ದುದನ್ನೆಲ್ಲ ಡೈರಿಗೆ ಬರೆದೆ. ಡೈರಿ ಅದನ್ನು ಯಾರಿಗೂ ಹೇಳುವುದಿಲ್ಲ.

ಗುರುವಾರ ಒಬ್ಬಳೇ ಆರು ಗಂಟೆಗೆ ಕ್ಲಿನಿಕ್ಕಿಗೆ ಹೋದೆ, ಸುಮ್ಮನೆ ನೋಡೋಣವೆಂದು. ಕಟ್ಟಡದ ಒಡತಿ ರಾಮಕ್ಕ ಮಹಡಿಯ ಮೇಲೆ ಇರುತ್ತಾರೆ. ಗೇಟು ತೆಗೆಯುವವರು ಅವರೇ. ಬಂದವರು ತಮ್ಮ ಹಳೆಯ ಫೈಲನ್ನು ವೆರಾಂಡದ ಕಟ್ಟೆಯ ಮೇಲೆ ಒಂದರ ಪಕ್ಕ ಒಂದು ಇಟ್ಟು, ಹೋಗಿ ಬೆಂಚಿನಲ್ಲಿ ಕೂರುತ್ತಾರೆ. ಕೆಲವರು ಕಾಫಿಗೂ ಹೋಗಿಬರುತ್ತಾರೆ. ಡಾಕ್ಟರಿಲ್ಲ, ರಿಸೆಪ್ಷನಿನ ಶಶಿಕಲಾ ಇಲ್ಲ, ದೀಪವೂ ಹಾಕಿಲ್ಲ. ಆದರೂ ಯಾರನ್ನೂ ವಾಪಸು ಕಳಿಸುವುದಿಲ್ಲ. ಏಳಕ್ಕೆ ಶಶಿಕಲಾ ಬಂದಾಗ ರಾಮಕ್ಕ ಫೈಲುಗಳನ್ನು ಅದೇ ಸಾಲಿನಲ್ಲಿ ಜೋಡಿಸಿ ಅವಳ ಕೈಗಿಡುತ್ತಾರೆ. ಆದರೆ ಈಗ ಒಳಗೆ ಕರೆಯುವುದು ಟೋಕನ್ ನಂಬರಿನಿಂದ, ಈ ಸಾಲಿನಿಂದಲ್ಲ.

“ಬೇರೆ ಯಾರಾದ್ರೂ ಕೇಳಿದ್ರೆ?” ಎಂದೆ.

“ಕೊಡಲ್ಲ ಕಣೇ. ಹೋದ್ ತಿಂಗ್ಳು ಇವ್ಳು ರಜಾ ಹಾಕಿ ತಂಗೀನ ಕಳ್ಸಿದ್ಲು. ಆ ಹುಡುಗಿ ಅತ್ತೇಬಿಟ್ಳು ಪಾಪ. ಆದ್ರೂ ಕೊಡ್ಲಿಲ್ಲ ನಾನು.”

“ಪೊಲೀಸ್ ಸ್ಟೇಷನ್ ಇದು, ಕ್ಲಿನಿಕ್ ಅಲ್ಲ,” ಎಂದಳು ಶಶಿಕಲಾ.

ನಮ್ಮ ಪುಟ್ಟ ಕಂಪ್ಯೂಟರಿನಲ್ಲೂ ಪ್ರೋಗ್ರಾಂಗಳನ್ನು ಎಬ್ಬಿಸುವ, ಮಲಗಿಸುವ ಒಬ್ಬ ಮೇಲ್ವಿಚಾರಕನಿದ್ದಾನೆ. ಅದೂ ಒಂದು ಪ್ರೋಗ್ರಾಮೇ. ಸಾಕೆಟ್ ಎಂದರೆ ಹೊರಗಿನವರು ಬಂದು ತಟ್ಟುವ ಬಾಗಿಲು. ಇಷ್ಟು ದಿನ ಆ ಬಾಗಿಲನ್ನು ನನ್ನ ಪ್ರೋಗ್ರಾಂ ತಾನೇ ತೆರೆಯುತ್ತಿತ್ತು, ಅದು ಸತ್ತಾಗ ಬಾಗಿಲೂ ಹೋಗುತ್ತಿತ್ತು. ಬಾಗಿಲನ್ನು ಮೇಲ್ವಿಚಾರಕನೇ ತೆರೆದಿಟ್ಟುಕೊಳ್ಳಬಹುದು ಎಂದು ಎಂದೋ ಓದಿದ್ದೆ. ಆಗ ಪ್ರೋಗ್ರಾಂ ಇಲ್ಲದ ಹೊತ್ತಿನಲ್ಲಿ ಬಂದವರು ಬಂದ ಸಾಲಿನಲ್ಲೇ ಕಾಯುತ್ತಾರೆ. ಎದ್ದ ಪ್ರೋಗ್ರಾಮಿಗೆ ಅವನು ತೆರೆದ ಬಾಗಿಲನ್ನು ಹಸ್ತಾಂತರಿಸುತ್ತಾನೆ. ಪ್ರತಿ ಪ್ರೋಗ್ರಾಮಿನ ಬಾಗಿಲುಗಳಿಗೂ ನಂಬರುಗಳಿರುತ್ತವೆ; ಸೊನ್ನೆ, ಒಂದು, ಎರಡು ಮೊದಲೇ ಬೇರೆ ಕೆಲಸಕ್ಕೆ ಮೀಸಲು. ಹಾಗಾಗಿ ಕೊಟ್ಟ ಬಾಗಿಲು ಮೂರನೇ ನಂಬರಿನಲ್ಲಿ ಸಿಗುತ್ತದೆ.

ಆಫೀಸಿಗೆ ಹೋಗಿ ಮಧ್ಯಾಹ್ನದೊಳಗೆ ಬರೆದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿತು. ಶುಕ್ರವಾರ ಕ್ಲಿನಿಕ್ಕಿನ ಊಟದ ವಿರಾಮದಲ್ಲಿ ಹಾಕಿದರೆ, ಪ್ರೋಗ್ರಾಂ ಎದ್ದ ಕೂಡಲೇ ‘ಈ ವಿಳಾಸ ಈಗಾಗಲೇ ಬಳಕೆಯಲ್ಲಿದೆ’ ಎಂದು ಹೇಳಿ ಸತ್ತಿತು. ಮತ್ತೆ ಎದ್ದಿತು, ಮತ್ತೆ ಸತ್ತಿತು. ಕೊಟ್ಟ ಬಾಗಿಲನ್ನು ಬಿಟ್ಟು, ಅದೇ ಜಾಗದಲ್ಲಿ ತನ್ನದೇ ಬಾಗಿಲು ಕೊರೆಯಲು ಹೊರಟಿತ್ತು.

ಹಳೆಯದನ್ನೇ ಮತ್ತೆ ಹಾಕಿ ವಾಪಸು ಬಂದೆ. ಕಾರಣ ಸಿಕ್ಕಿದ್ದು ಸಂಜೆ. ಓಡುವ ಪ್ರತಿ ಪ್ರೋಗ್ರಾಮಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಬಾಗಿಲು ಕೊಡುವಾಗ ಮೇಲ್ವಿಚಾರಕ ‘ಇದು ಇಂಥ ಸಂಖ್ಯೆಯವರಿಗೆ’ ಎಂದು ಬರೆದುಕೊಡುತ್ತಾನೆ. ಸಂಖ್ಯೆ ತನ್ನದಲ್ಲದಿದ್ದರೆ ಪ್ರೋಗ್ರಾಂ ಮುಟ್ಟುವಂತಿಲ್ಲ. ಕ್ಲಿನಿಕ್ಕುಗಳಲ್ಲಿ ಮೇಲ್ವಿಚಾರಕ ಎಬ್ಬಿಸುವುದು ನನ್ನ ಪ್ರೋಗ್ರಾಮನ್ನಲ್ಲ, ಕಲ್ಮೇಶ್ ಬರೆದ ಒಂದು ಸ್ಕ್ರಿಪ್ಟನ್ನು, ಅಂದರೆ ಸಾಲುಸಾಲಾಗಿ ಓಡುವ ಆದೇಶಗಳ ಪಟ್ಟಿಯನ್ನು. ಅದು ಹಿಂದಿನ ದಿನದ ಟೋಕನ್‌ಗಳನ್ನು ಬೇರೆಡೆ ಎತ್ತಿಟ್ಟು, ಆಮೇಲೆ ನನ್ನ ಪ್ರೋಗ್ರಾಮನ್ನು ತನ್ನ ಮಗುವಿನಂತೆ ಹುಟ್ಟಿಸುತ್ತದೆ. ಬರೆದುಕೊಟ್ಟ ಸಂಖ್ಯೆ ತಾಯಿಯದು, ನೋಡುವುದು ಮಗು.

ಆ ಸ್ಕ್ರಿಪ್ಟು ಕಲ್ಮೇಶ್ ಕಂಪನಿ ಶುರು ಮಾಡಿದಾಗ ಬರೆದದ್ದು. ಹದಿನಾಲ್ಕು ಕ್ಲಿನಿಕ್ಕುಗಳಲ್ಲಿ ಓಡುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ.

ಶನಿವಾರ ಅವರ ಮೇಜಿನ ಹತ್ತಿರ ಮೂರು ಸಲ ಹೋಗಿ ಮೂರು ಸಲ ನೀರು ಕುಡಿದು ಬಂದೆ. ನಾಲ್ಕನೇ ಸಲ ಅವರೇ ಕೇಳಿದರು, “ಕಿಡ್ನಿ ಸ್ಟೋನ್ ಏನಾದ್ರೂ ಆಗಿದ್ಯಾ?”

“ಸಾರ್, ನಿಮ್ ಸ್ಕ್ರಿಪ್ಟಲ್ಲಿ ಒಂದು ಪದ ಸೇರಿಸ್ಬೇಕು.”

“ನನ್ ಸ್ಕ್ರಿಪ್ಟಾ? ಐದ್ ವರ್ಷದಿಂದ ಓಡ್ತಿದೆ ಅದು! ನಿನ್ ಪ್ರೋಗ್ರಾಮ್ ನೋಡ್ಕೋ.”

ಸಾಮಾನ್ಯವಾಗಿ ಅಷ್ಟಕ್ಕೆ ನಾನು ತಿರುಗಿ ಹೋಗಿಬಿಡುತ್ತೇನೆ. ಅಂದು ಕಾಲು ತಿರುಗಿತು, ಬಾಯಿ ಮಾತ್ರ ಸುಮ್ಮನಾಗಲಿಲ್ಲ. “ಸಾರ್, ರಾಮಕ್ಕ ಫೈಲೆಲ್ಲ ಶಶಿಕಲಾಗೆ ಅಂತ ಇಟ್ಕೊಂಡಿರ್ತಾರೆ. ತಂಗಿ ಬಂದು ಕೇಳಿದ್ರೆ ಕೊಡಲ್ಲ. ನಿಮ್ ಸ್ಕ್ರಿಪ್ಟು ಶಶಿಕಲಾ, ನನ್ ಪ್ರೋಗ್ರಾಮು ತಂಗಿ. ತಂಗೀನ ಕಳಿಸ್ಬಾರ್ದು ಸಾರ್, ಶಶಿಕಲಾನೇ ಹೋಗ್ಬೇಕು. ಎಕ್ಸೆಕ್ ಅಂತ ಒಂದು ಪದ ಹಾಕಿದ್ರೆ ಸ್ಕ್ರಿಪ್ಟು ಬೇರೆ ಮಗು ಹುಟ್ಟಿಸಲ್ಲ. ಅದೇ ನನ್ ಪ್ರೋಗ್ರಾಮ್ ಆಗ್ಬಿಡುತ್ತೆ. ಸಂಖ್ಯೆ ಬದಲಾಗಲ್ಲ.”

ಅವರು ಸ್ಕ್ರಿಪ್ಟು ತೆಗೆದು ನೋಡಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. “ಎಕ್ಸೆಕ್ ಹಾಕಿದ್ರೆ ಕೊನೇ ಸಾಲು ಓಡಲ್ಲ ಕಣೇ. ಪ್ರೋಗ್ರಾಂ ಸತ್ರೆ ನಂಗೆ ಮೆಸೇಜ್ ಬರೋದೇ ಅದ್ರಿಂದ.”

“ಮೆಸೇಜನ್ನ ಮೇಲ್ವಿಚಾರಕನೇ ಕಳಿಸ್ತಾನೆ ಸಾರ್. ಬರ್ದಿಟ್ಟಿದೀನಿ.”

“ಎಲ್ಲ ಬರ್ದಿಟ್ಟಿದೀಯ, ಹೇಳೋದೊಂದ್ ಬಿಟ್ಟು,” ಎಂದು ನಕ್ಕರು. “ಹಾಕು. ಚಂದ್ರಾ ಲೇಔಟಿಗೆ ಮಾತ್ರ. ಸೋಮವಾರ ನೀನೇ ನಿಂತು ನೋಡ್ಕೋ.”

ಸೋಮವಾರ ಏಳೂವರೆಗೆ ವೆರಾಂಡ ತುಂಬಿತ್ತು. “ಮೊದ್ಲು ಹನುಮಂತಯ್ಯ, ಆಮೇಲ್ ನೀವು,” ಎಂದು ರಾಮಕ್ಕ ಫೈಲಿನ ಸಾಲಿನಲ್ಲೇ ಎಲ್ಲರನ್ನೂ ಗೋಡೆಯ ಹತ್ತಿರ ಕಳಿಸುತ್ತಿದ್ದರು. ಒಬ್ಬೊಬ್ಬರ ಮೊಬೈಲಿನಲ್ಲೂ ಸಣ್ಣ ಚಕ್ರ ತಿರುಗತೊಡಗಿತು. ನಿರಾಕರಣೆ ಬರಲಿಲ್ಲ, ಟೋಕನ್ನೂ ಬರಲಿಲ್ಲ.

“ಮತ್ತೆ ಹೋಯ್ತು ಗುರು,” ಎಂದ ಹೆಲ್ಮೆಟ್ ಹಿಡಿದವನೊಬ್ಬ. “ಬ್ಯಾಕ್ ಒತ್ತಿ ಇನ್ನೊಂದ್ಸಲ ಹಾಕೋಣ ತಡಿ.”

ಬ್ಯಾಕ್ ಒತ್ತಿದರೆ ಸಾಲಿನ ಕೊನೆಗೆ. ಒಬ್ಬರು ಒತ್ತಿದರೆ ಎಲ್ಲರೂ ಒತ್ತುತ್ತಾರೆ. ಹನುಮಂತಯ್ಯನವರ ಹೆಬ್ಬೆರಳು ಆಗಲೇ ಗಾಜಿನ ಮೇಲಿತ್ತು.

“ಯಾರೂ ಏನೂ ಒತ್ತಬೇಡಿ!”

ಅಷ್ಟು ಜನರ ಮುಂದೆ ಕೂಗಿದವಳು ನಾನೇ. ಎಲ್ಲರೂ ತಿರುಗಿದರು. “ನಿಮ್ ಜಾಗ ಹಂಗೇ ಇದೆ,” ಎಂದೆ. “ಫೈಲ್ ಕಟ್ಟೆ ಮೇಲಿದ್ದಂಗೆ. ಒಳಗಿರೋದು ಇನ್ನೂ ಎದ್ದಿಲ್ಲ ಅಷ್ಟೆ. ಒಂದ್ ನಿಮಿಷ ಇರಿ.”

“ಎಬ್ಬಿಸ್ರಮ್ಮ ಹಂಗಾದ್ರೆ,” ಎಂದರು ಯಾರೋ. ಉಳಿದವರು ನಕ್ಕರು. ಆದರೆ ಯಾರೂ ಒತ್ತಲಿಲ್ಲ.

ನಲವತ್ತರವರೆಗೆ ಎಣಿಸಿದೆ. ಐವತ್ತಾಯಿತು. ಐವತ್ತೆರಡಕ್ಕೆ ಹನುಮಂತಯ್ಯನವರ ಮೊಬೈಲಿನಲ್ಲಿ ಚಕ್ರ ನಿಂತು ‘೧’ ಎಂದು ಬಂತು. ಹಿಂದೆಯೇ ಎರಡು, ಮೂರು, ನಾಲ್ಕು. ಹೆಲ್ಮೆಟಿನವನಿಗೆ ಹದಿಮೂರು. ಕಟ್ಟೆಯ ಮೇಲೆ ಅವನ ಫೈಲಿದ್ದದ್ದೂ ಹದಿಮೂರನೆಯದೇ. ಅವನು ತನಗಿಂತ ಮುಂದಿದ್ದವರನ್ನು ಒಮ್ಮೆ ಎಣಿಸಿ ನೋಡಿ, ಹೋಗಿ ಬೆಂಚಿನಲ್ಲಿ ಕೂತ.

ಎಂಟಕ್ಕೆ ಡಾಕ್ಟರ್ ಬಂದವರು ಬಾಗಿಲಲ್ಲೇ ನಿಂತರು. “ಏನ್ ಶಶಿಕಲಾ, ಇಷ್ಟ್ ನಿಶ್ಶಬ್ದ? ಮಿಷಿನ್ ಬಿಚ್ಕೊಂಡ್ ಹೋದ್ರಾ?”

“ಇಲ್ಲ ಮೇಡಂ, ಇದೆ. ಎಲ್ರಿಗೂ ಕೊಟ್ಟಾಯ್ತು.”

ಡಾಕ್ಟರ್ ನನ್ನ ಕಡೆ ನೋಡಿದರು. “ಹಂಗಾದ್ರೆ ಇರ್ಲಿ ಬಿಡಿ,” ಎಂದು ಒಳಗೆ ಹೋದರು.

ಗೇಟಿನ ಹೊರಗೆ ನಿಂತು ಕಲ್ಮೇಶ್‌ಗೆ ಫೋನ್ ಮಾಡಿ ಹೇಳಿದೆ.

“ಸರಿ. ಇನ್ನು ಹದಿಮೂರು ಉಳೀತು. ನಾಳೆ ಕೆಂಗೇರಿಯಿಂದ ಶುರು ಮಾಡು. ಅಲ್ಲಿನ್ ಡಾಕ್ಟ್ರು ತುಂಬಾ ಪ್ರಶ್ನೆ ಕೇಳ್ತಾರೆ, ನಾನೂ ಬರ್ಲಾ?”

“ಬೇಡ ಸಾರ್,” ಎಂದೆ. “ನಾನೇ ಹೇಳ್ತೀನಿ.”