ಬಾಟಲಿಗೆ ಸುರಿಯದ ಮೂತಿ

ಗೋಣಿಬೀಡಿನಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಕೆಳಗೆ ನಡೆದರೆ ಸಮೀಉಲ್ಲಾನ ವೆಲ್ಡಿಂಗ್ ಶಾಪು ಸಿಗುತ್ತದೆ. ಗೇಟು, ಗ್ರಿಲ್ಲು, ಶಟರ್ ಎಂದು ಬೋರ್ಡಿನಲ್ಲಿ ಬರೆಸಿದ್ದರೂ ಸುತ್ತಲಿನ ಎಸ್ಟೇಟುಗಳಲ್ಲಿ ಅವನ ಹೆಸರು ಓಡಾಡುತ್ತಿದ್ದದ್ದು ಬೇರೆ ಕೆಲಸಕ್ಕೆ. ಡೀಸೆಲ್ ಕ್ಯಾನಿಗೆ ಬಾಗಿದ ಮೂತಿ, ಜೇನಿನ ಡಬ್ಬಕ್ಕೆ ಕೊನೆಯ ಹನಿ ಜಿನುಗದ ಮುಚ್ಚಳ, ಎಣ್ಣೆ ಡ್ರಮ್ಮಿಗೆ ನಲ್ಲಿ. ಎಲ್ಲಾದರೂ ಏನಾದರೂ ಸೋರಿದರೆ, ಸುರಿಯುವಾಗ ಚೆಲ್ಲಿದರೆ, ಜನ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಅವನಲ್ಲಿಗೆ ಬರುತ್ತಿದ್ದರು. ಅವನೂ ಅಷ್ಟೇ, ಗೇಟಿನ ಕೆಲಸ ಬಿಟ್ಟು ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತಿದ್ದ.

ಹಾಗೆ ಬರುತ್ತಿದ್ದವರಲ್ಲಿ ಕೆಂಚಯ್ಯನೂ ಒಬ್ಬ. ಚನ್ನಕೇಶವ ಗೌಡರ ತೋಟದಲ್ಲಿ ಔಷಧಿ ಹೊಡೆಯುವ ಗ್ಯಾಂಗಿಗೆ ಮೇಸ್ತ್ರಿ. ಇಬ್ಬರದೂ ಇಪ್ಪತ್ತು ವರ್ಷದ ಪರಿಚಯ. ಭಾನುವಾರ ಸಾಮಾನಿಗೆಂದು ಪೇಟೆಗೆ ಇಳಿದವನು ಶಾಪಿನೊಳಗೆ ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತು, ಚಾ ಕುಡಿದು, ಸಮೀಉಲ್ಲಾ ಮಾಡಿಟ್ಟದ್ದನ್ನೆಲ್ಲ ಎತ್ತಿ ತಿರುಗಿಸಿ ನೋಡಿ ತಪ್ಪು ಹುಡುಕುತ್ತಿದ್ದ. ಹಿಡಿ ಇಲ್ಲಿರಬಾರದು, ಮುಚ್ಚಳ ಕೆಸರು ಕೈಗೆ ಜಾರುತ್ತದೆ, ಹೀಗೆ. ಬೇರೆ ಯಾರಾದರೂ ಹೇಳಿದ್ದರೆ ಸಮೀಉಲ್ಲಾ ರೇಗುತ್ತಿದ್ದ. ಕೆಂಚಯ್ಯನ ಮಾತು ಬಳಸಿದವನ ಮಾತು. ಅವನು ಹೋದ ಮೇಲೆ ಸದ್ದಿಲ್ಲದೆ ತಿದ್ದುತ್ತಿದ್ದ.

ಆ ವರ್ಷ ಮಳೆ ಹಿಂದೆ ಸರಿಯುವ ಹೊತ್ತಿಗೆ ತೋಟಗಳಲ್ಲಿ ಕಳೆ ಮೊಣಕಾಲಿನವರೆಗೆ ಬೆಳೆದಿತ್ತು. ಕೆಂಚಯ್ಯ ಕಳೆ ಔಷಧಿಯ ಇಪ್ಪತ್ತು ಲೀಟರಿನ ಖಾಲಿ ಕ್ಯಾನೊಂದನ್ನು ತಂದು ಶಾಪಿನಲ್ಲಿಟ್ಟ.

"ಸಾಬ್ರೆ, ಇದಕ್ಕೊಂದು ಮೂತಿ ಮಾಡಿಕೊಡಿ. ಬಗ್ಸಿದ್ರೆ ಗುಳುಗುಳು ಅಂತ ಒಂದೇ ಸಲ ಬಂದು ಬೀಳ್ತದೆ. ಬೆನ್ನಿನ ಪಂಪಿಗೆ ಹಾಕೋವಾಗ ಕೈಮೇಲೆಲ್ಲ ಚೆಲ್ಲಿ ಉಗುರು ಸುಟ್ಟು ಹೋಗಿದೆ ನೋಡಿ."

ಅವನ ಬೆರಳ ತುದಿ ನಿಜವಾಗಿಯೂ ಕಂದಿಹೋಗಿತ್ತು. ಗಾಳಿ ಒಳಗೆ ಹೋಗಲು ಬೇರೆ ದಾರಿ ಇಲ್ಲದ್ದರಿಂದ ಔಷಧಿ ಹಾಗೆ ಉಕ್ಕುತ್ತದೆ ಎಂದು ಸಮೀಉಲ್ಲಾನಿಗೆ ನೋಡಿದ ಕೂಡಲೇ ತಿಳಿಯಿತು. ಒಂದು ದಿನದ ಕೆಲಸ. ಆದರೆ ಕಾಫಿ ಕುಯ್ಲು ಹತ್ತಿರವಾಗುತ್ತಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳು, ಹನ್ನೊಂದು ತೋಟಗಳವು, ರಿಪೇರಿಗೆಂದು ಅಂಗಳದಲ್ಲಿ ಸಾಲುಗಟ್ಟಿ ಕೂತಿದ್ದವು.

"ಮುಂದಿನ ವಾರ ಮಾರಾಯ," ಎಂದ.

ಮುಂದಿನ ವಾರವೂ ಹಾಗೇ ಆಯಿತು. ಮೂರನೆಯ ಸಲ ಕೆಂಚಯ್ಯ ಕೇಳಿದಾಗ ಸಮೀಉಲ್ಲಾ ಯಂತ್ರದ ಕೆಳಗೆ ತಲೆ ಹಾಕಿದ್ದ. ತಲೆ ಹೊರಗೆ ತೆಗೆಯದೆಯೇ ಹೇಳಿದ: "ಸದ್ಯಕ್ಕೆ ಸಣ್ಣ ಬಾಟ್ಲಿಗೆ ತುಂಬಿಸ್ಕೊ ಮಾರಾಯ. ಬಾಟ್ಲಿಯಿಂದ ಪಂಪಿಗೆ ಹಾಕು, ಚೆಲ್ಲಲ್ಲ. ಎಲ್ರೂ ಹಂಗೇ ಮಾಡೂದು."

ಕೆಂಚಯ್ಯ ಹೂಂ ಎಂದು ಎದ್ದು ಹೋದ.

ಅದಾಗಿ ಒಂಬತ್ತನೆಯ ದಿನ, ಮಂಗಳವಾರ, ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದ. ಬೆಳಿಗ್ಗೆ ಕೆಂಚಯ್ಯ ತಂಪು ಪಾನೀಯದ ಎರಡು ಹಳೆಯ ಬಾಟಲಿಗಳಿಗೆ ಔಷಧಿ ತುಂಬಿಸಿ ಚೀಲದಲ್ಲಿಟ್ಟುಕೊಂಡಿದ್ದಾನೆ. ಹೆಂಡತಿ ಕಲ್ಲಮ್ಮ ಕೊಟ್ಟ ಕಪ್ಪು ಕಾಫಿಯೂ ಅಂಥದೇ ಬಾಟಲಿಯಲ್ಲಿ, ಅದೇ ಚೀಲದಲ್ಲಿ. ಹತ್ತು ಗಂಟೆಗೆ ಬಿಸಿಲೇರಿ ಬಾಯಾರಿ ಗಿಡಗಳ ಮಧ್ಯದಿಂದ ಬಂದವನು ನೋಡದೆ ಕೈ ಹಾಕಿ, ಮುಚ್ಚಳ ತಿರುಗಿಸಿ ಎತ್ತಿದ್ದಾನೆ. ಬಾಯಿಗೆ ಬಿದ್ದದ್ದರಲ್ಲಿ ಅರ್ಧ ಉಗಿದಿದ್ದಾನೆ, ಅರ್ಧ ಒಳಗೆ ಹೋಗಿದೆ. ಗೌಡರ ಜೀಪಿನಲ್ಲಿ ಮೂಡಿಗೆರೆಗೆ ಕರೆದೊಯ್ದರು, ಅಲ್ಲಿಂದ ಮಂಗಳೂರಿಗೆ ಕಳಿಸಿದ್ದಾರೆ.

ಸಮೀಉಲ್ಲಾ ಸ್ಪ್ಯಾನರನ್ನು ಕೆಳಗಿಟ್ಟ. ಎಲ್ಲಿಟ್ಟನೆಂಬುದು ಆಮೇಲೆ ಅವನಿಗೆ ನೆನಪಾಗಲಿಲ್ಲ.

ಗುರುವಾರ ಅವನು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಹೋದಾಗ ಕೆಂಚಯ್ಯ ಮಂಚದ ಮೇಲೆ ಎದ್ದು ಕೂತಿದ್ದ. ತುಟಿ, ನಾಲಿಗೆಯ ಸಿಪ್ಪೆ ಸುಲಿದಿತ್ತು. ಮಾತು ತೊದಲುತ್ತಿತ್ತು. ಆದರೆ ಕಣ್ಣು ಚುರುಕಾಗಿಯೇ ಇತ್ತು, ಪಕ್ಕದ ಮಂಚದವನೊಡನೆ ಅಡಿಕೆ ರೋಗದ ವಿಷಯ ಮಾತಾಡುತ್ತಿದ್ದ. ಸಮೀಉಲ್ಲಾನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಗಾಬರಿ ಮಾಡಿಬಿಟ್ಟೆ ಅಲ್ವಾ ಮಾರಾಯ!"

"ಒಂದು ಗುಟುಕು ಸಾಬ್ರೆ. ಕಲ್ಲಮ್ಮನ ಕಾಫಿಗಿಂತ ಕಹಿ ಇತ್ತು, ಅದಕ್ಕೆ ಉಗಿದೆ," ಎಂದು ಕೆಂಚಯ್ಯ ನಗಲು ಹೋಗಿ ತುಟಿ ಉರಿದು ಬಾಯಿಗೆ ಕೈ ಅಡ್ಡ ಹಿಡಿದ.

ವಾರ್ಡಿನ ಹೊರಗೆ ವೈದ್ಯೆಯೊಬ್ಬರು ಕಲ್ಲಮ್ಮನನ್ನೂ ಅವನನ್ನೂ ಕರೆದು ನಿಲ್ಲಿಸಿಕೊಂಡರು. ಚಿಕ್ಕ ವಯಸ್ಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. "ಇವತ್ತು ಚೆನ್ನಾಗಿ ಕಾಣ್ತಾರೆ, ನಿಜ," ಎಂದರು. "ಈ ಕಳೆ ಔಷಧಿ ಹೀಗೇ. ಈಗಾಗ್ಲೇ ಕಿಡ್ನಿಗೆ ಏಟು ಬಿದ್ದಿದೆ. ಇನ್ನು ಕೆಲವು ದಿನಕ್ಕೆ ಶ್ವಾಸಕೋಶ ಗಟ್ಟಿಯಾಗ್ತಾ ಬರುತ್ತೆ. ಇದಕ್ಕೆ ಮದ್ದಿಲ್ಲ. ನಾವು ಮಾಡೋದೆಲ್ಲ ಮಾಡ್ತಿದ್ದೀವಿ, ಆದ್ರೆ ನೀವು ಧೈರ್ಯ ತಂದ್ಕೋಬೇಕು."

"ಕೂತ್ಕೊಂಡು ಮಾತಾಡ್ತಿದಾರಲ್ಲ ಅಮ್ಮ," ಎಂದಳು ಕಲ್ಲಮ್ಮ. ವೈದ್ಯೆ ಅವಳ ಕೈ ಹಿಡಿದುಕೊಂಡರು.

ಸಮೀಉಲ್ಲಾ ಮತ್ತೆ ಒಳಗೆ ಹೋದಾಗ ಕೆಂಚಯ್ಯ ಅವನ ಮುಖವನ್ನೇ ನೋಡಿದ. ಡಾಕ್ಟರು ಏನಂದರು ಎಂದು ಕೇಳಲಿಲ್ಲ. ಹೇಳಿದ್ದು ಇಷ್ಟು: "ಈಗಾದ್ರೂ ಆ ಮೂತಿ ಮಾಡ್ತೀರಾ ಸಾಬ್ರೆ? ಗ್ಯಾಂಗಿನವ್ರು ನಾಳೆ ಮತ್ತೆ ಬಾಟ್ಲಿಗೇ ತುಂಬಿಸ್ತಾರೆ."

ಊರಿಗೆ ಮರಳಿದ ಸಮೀಉಲ್ಲಾ ಪಲ್ಪರುಗಳನ್ನು ಮುಟ್ಟಲಿಲ್ಲ. ತೋಟದವರ ಫೋನುಗಳಿಗೆ ಅವನ ಹೆಂಡತಿ ರೌಶನ್ ಬೀ ಉತ್ತರ ಹೇಳಿದಳು. ಅವನು ಕ್ಯಾನಿನ ಬಾಯಿಗೆ ಸರಿಯಾಗಿ ಕೂರುವ ಮುಚ್ಚಳ ಕಡೆದು, ಅದರಲ್ಲಿ ಎರಡು ಕೊಳವೆ ಕೂರಿಸಿದ. ಒಂದು ಔಷಧಿ ಹೊರಗೆ ಬರಲು, ಇನ್ನೊಂದು ಗಾಳಿ ಒಳಗೆ ಹೋಗಲು. ನೀರು ತುಂಬಿ ಬಗ್ಗಿಸಿದರೆ ಒಂದು ಸದ್ದಿಲ್ಲ, ಒಂದು ಹನಿ ಆಚೆ ಇಲ್ಲ, ದಾರದ ಹಾಗೆ ನೆಟ್ಟಗೆ ಇಳಿಯಿತು. ಮೂರು ವಾರ ಮುಂದೂಡಿದ ಕೆಲಸ ಮಧ್ಯಾಹ್ನದೊಳಗೆ ಮುಗಿದಿತ್ತು. ಮುಗಿದದ್ದನ್ನು ನೋಡುತ್ತ ಅವನು ಊಟಕ್ಕೂ ಏಳದೆ ಕೂತ.

ಶನಿವಾರ ಅದನ್ನು ಸಣ್ಣ ಕ್ಯಾನಿಗೆ ಸಿಕ್ಕಿಸಿಕೊಂಡು ಆಸ್ಪತ್ರೆಗೆ ಒಯ್ದ. ಕೆಂಚಯ್ಯನ ಮುಖ ಊದಿತ್ತು. ಮಂಚದ ಪಕ್ಕ ಬೋಗುಣಿ ಇಟ್ಟು ಸಮೀಉಲ್ಲಾ ನೀರು ಸುರಿದು ತೋರಿಸಿದ. ಕೆಂಚಯ್ಯ ಎರಡು ಸಲ ಸುರಿಸಿ ನೋಡಿದ. ಮೂರನೆಯ ಸಲ ಕಿಟಕಿಯಲ್ಲಿದ್ದ ನೀರಿನ ಬಾಟಲಿಯನ್ನು ಖಾಲಿ ಮಾಡಿ ತರಲು ಕಲ್ಲಮ್ಮನಿಗೆ ಹೇಳಿದ.

"ಇದಕ್ಕೆ ಸುರೀರಿ."

ಸಮೀಉಲ್ಲಾ ಸುರಿದ. ಬಾಟಲಿಯ ಸಣ್ಣ ಕತ್ತಿನೊಳಗೆ ನೀರು ಒಂದಿಷ್ಟೂ ಚೆಲ್ಲದೆ ಇಳಿಯಿತು.

"ನೋಡಿದ್ರಾ," ಎಂದ ಕೆಂಚಯ್ಯ. "ಚೆನ್ನಾಗಿ ಮಾಡಿದೀರಿ. ಅದೇ ತೊಂದ್ರೆ. ಮೊದ್ಲು ಬಾಟ್ಲಿಗೆ ತುಂಬೋಕೆ ಕಷ್ಟ ಆಗ್ತಿತ್ತು, ಇನ್ನು ಸಲೀಸು. ಬಾಟ್ಲಿಗೆ ಬೀಳ್ಬಾರ್ದು ಸಾಬ್ರೆ. ಪಂಪಿಗೆ ಇಟ್ರೆ ಮಾತ್ರ ಬರ್ಬೇಕು. ಹಂಗೆ ಮಾಡೋಕೆ ಆಗ್ತದಾ?"

ಸಮೀಉಲ್ಲಾ ಬಾಟಲಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಹೇಳಬೇಕಾದ ಮಾತು ಬೇರೆಯೇ ಇತ್ತು. ನಾನೇ ನಿನಗೆ ಬಾಟಲಿಯ ದಾರಿ ತೋರಿಸಿದ್ದು ಕೆಂಚಯ್ಯ, ತಲೆ ಎತ್ತಿ ನಿನ್ನ ಮುಖ ಕೂಡ ನೋಡಲಿಲ್ಲ. ಆದರೆ ಬಾಯಿಂದ ಬಂದದ್ದು, "ಆಗ್ತದೆ" ಎಂಬ ಒಂದೇ ಮಾತು.

ಮುಂದಿನ ಎರಡು ದಿನ ಅವನು ಬೇರೆ ಕೆಲಸವನ್ನೇ ಮುಟ್ಟಲಿಲ್ಲ. ಬೆನ್ನಿಗೆ ಹಾಕಿಕೊಳ್ಳುವ ಪಂಪಿನ ಬಾಯಿ ಅಂಗೈಯಗಲ ಇರುತ್ತದೆ. ಮೂತಿಯ ಸುತ್ತ ಅದೇ ಅಳತೆಯ ಬಳೆ ಹಾಕಿದ. ಬಳೆಯನ್ನು ಪಂಪಿನ ಅಂಚಿಗೆ ಒತ್ತಿದರೆ ಒಳಗಿನ ಸ್ಪ್ರಿಂಗ್ ಸರಿದು ದಾರಿ ತೆರೆಯಬೇಕು, ಎತ್ತಿದ ಕೂಡಲೇ ಮುಚ್ಚಬೇಕು. ಬಾಟಲಿಯ ಕತ್ತು ಬಳೆಯೊಳಗೆ ಎಲ್ಲಿ ಹಿಡಿದರೂ ಸ್ಪ್ರಿಂಗ್ ಮಿಸುಕಬಾರದು. ಮೊಪೆಡ್ಡಿನ ಸ್ಪ್ರಿಂಗ್ ಹಾಕಿದ್ದು ಔಷಧಿ ತಾಗಿ ಒಂದೇ ರಾತ್ರಿಗೆ ಕಪ್ಪಾಯಿತು. ಕುಕ್ಕರಿನ ರಬ್ಬರು ಉಬ್ಬಿಕೊಂಡಿತು. ಹಾಸನಕ್ಕೆ ಹೋಗಿ ತುಕ್ಕು ಹಿಡಿಯದ ಸ್ಪ್ರಿಂಗ್ ಹುಡುಕಿ ತಂದ.

ಮಂಗಳವಾರ ಆಸ್ಪತ್ರೆಗೆ ಹೋದಾಗ ಕೆಂಚಯ್ಯ ದಿಂಬಿಗೆ ಒರಗಿ ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಪ್ರತಿ ಉಸಿರಿಗೂ ಹೆಗಲು ಮೇಲೇರುತ್ತಿತ್ತು. ಕಲ್ಲಮ್ಮ ನರ್ಸಿನ ಹಿಂದೆ ಹಿಂದೆ ಓಡಾಡುತ್ತಿದ್ದಳು. "ಆ ಕಡೆ ಮಂಚದವ್ರಿಗೆ ಗಾಳಿ ಹಾಕಿದೀರಿ, ಇವ್ರಿಗ್ಯಾಕೆ ಹಾಕಲ್ಲ? ನಾವು ಕೂಲಿಯವ್ರು ಅಂತಾನಾ?"

ನರ್ಸು ನಿಂತು, ತಾಳ್ಮೆಯಿಂದಲೇ ಹೇಳಿದಳು. ಈ ವಿಷ ಒಳಗಿರುವಾಗ ಆಕ್ಸಿಜನ್ ಕೊಟ್ಟರೆ ಶ್ವಾಸಕೋಶ ಇನ್ನೂ ಬೇಗ ಸುಡುತ್ತದೆ. ತಡೆದುಕೊಳ್ಳುವಷ್ಟು ಹೊತ್ತು ತಡೆಯಬೇಕು. ಕಲ್ಲಮ್ಮನಿಗೆ ಅದು ಅರ್ಥವಾಗಲಿಲ್ಲ. ಅಲ್ಲಿ ನಿಂತಿದ್ದ ಸಮೀಉಲ್ಲಾನಿಗೂ ಅರ್ಥವಾಗಲಿಲ್ಲ. ಗಾಳಿಯ ದಾರಿ ತೆರೆದರೆ ಎಲ್ಲವೂ ಸರಿಯಾಗಿ ಹರಿಯುತ್ತದೆ ಎಂದೇ ಅವನು ಜೀವಮಾನವೆಲ್ಲ ನಂಬಿದ್ದ.

ಕೆಂಚಯ್ಯ ಕೈ ಸನ್ನೆ ಮಾಡಿ ಮೂತಿ ಕೇಳಿ ಪಡೆದ. ಬಳೆಯನ್ನು ಎರಡೂ ಹೆಬ್ಬೆರಳಿಂದ ಒತ್ತಿದ. ಒತ್ತಲಾಗಲಿಲ್ಲ.

"ಗಟ್ಟಿ," ಎಂದ. ಉಸಿರು ಎಳೆದುಕೊಂಡ. "ಕೈಗವಸು ಹಾಕ್ಕೊಂಡು... ಪಂಪು ತುಂಬೋವಾಗ... ಸುಸ್ತಾಗಿರ್ತಾರೆ. ಮಧ್ಯಾಹ್ನದ ಮೇಲೆ... ಯಾರೂ ಒತ್ತಲ್ಲ. ಕಿತ್ತು... ಬಿಸಾಕ್ತಾರೆ."

"ಮೆತ್ತಗೆ ಮಾಡ್ತೀನಿ ಮಾರಾಯ. ನೀನು ಮಾತಾಡ್ಬೇಡ."

"ಗುರುವಾರ ತನ್ನಿ," ಎಂದ ಕೆಂಚಯ್ಯ.

ಗುರುವಾರ ಬೆಳಿಗ್ಗೆ ಸಮೀಉಲ್ಲಾ ಮೂರನೆಯ ಮೂತಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದ. ಬಣಕಲ್ ದಾಟುವಾಗ ರೈಟರನ ಫೋನ್ ಬಂತು. "ಹೋಗ್ಬಿಟ್ರು ಸಾಬ್ರೆ, ಆರೂವರೆಗೆ," ಎಂದ. ಕಂಡಕ್ಟರ್ ಹತ್ತಿರ ಬಂದು, ಇಳಿಯುತ್ತೀರಾ ಎಂದು ಕೇಳಿದ. ಮುಖ ನೋಡಿಯೇ ಏನೋ ಆಗಿದೆಯೆಂದು ಅವನಿಗೆ ತಿಳಿದಿರಬೇಕು. ಸಮೀಉಲ್ಲಾ ಇಲ್ಲವೆಂದು ತಲೆಯಾಡಿಸಿದ. ಇಳಿದು ಮಾಡುವುದಾದರೂ ಏನು? ಘಾಟಿಯ ಉದ್ದಕ್ಕೂ ಅವನ ಹೆಬ್ಬೆರಳು ಟವೆಲಿನೊಳಗಿನ ಬಳೆಯನ್ನು ಒತ್ತುತ್ತಲೇ ಇತ್ತು, ಬಿಡುತ್ತಲೇ ಇತ್ತು. ಸ್ಪ್ರಿಂಗ್ ಮೆತ್ತಗಿತ್ತು. ಮಗು ಕೂಡ ಒತ್ತಬಹುದಿತ್ತು.

ತೋಟದ ಕೂಲಿಯವರ ಲೈನ್ ಮನೆಗಳ ಹಿಂದಿನ ಜಾಗದಲ್ಲಿ ಕೆಂಚಯ್ಯನನ್ನು ಮಣ್ಣು ಮಾಡಿದರು. ಸಮೀಉಲ್ಲಾ ಗುಂಡಿ ತೋಡುವವರ ಜೊತೆ ತಾನೂ ಹಾರೆ ಹಿಡಿದ, ಯಾರೂ ಬೇಡ ಎನ್ನಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಅವನೂ ರೌಶನ್ ಬೀಯೂ ಬಂದರು. ಊಟವಾಗಿ ಜನ ಚದುರಿದ ಮೇಲೆ ಕಲ್ಲಮ್ಮ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸಮೀಉಲ್ಲಾ ಹೋಗಿ ನಿಂತ. ಇಷ್ಟು ದಿನ ಹೊತ್ತಿದ್ದನ್ನು ಅಲ್ಲಿ ಇಳಿಸಿಬಿಟ್ಟ. ಮೂರು ಸಲ ಕೇಳಿದ್ದು, ತಾನು ಮುಂದೂಡಿದ್ದು, ಕೊನೆಗೆ ಬಾಟಲಿಗೆ ತುಂಬಿಸಿಕೊ ಎಂದದ್ದು.

ಕಲ್ಲಮ್ಮನ ಕೈ ನಿಂತಿತು.

"ಇದನ್ನ ನನಗ್ಯಾಕೆ ಹೇಳಿದ್ರಿ ಸಾಬ್ರೆ?" ಎಂದಳು. "ಅವ್ರು ಒಂದು ದಿನಾನೂ ನಿಮ್ಮ ಹೆಸ್ರು ಎತ್ತಿಲ್ಲ. ನಾನು ಕೇಳ್ದೆ, ಯಾಕೆ ಬಾಟ್ಲಿಗೆ ತುಂಬಿದ್ರಿ ಅಂತ. ನನ್ನ ಬುದ್ಧಿಗೆ ಮಂಕು ಕವಿದಿತ್ತು ಅಂದ್ರು. ನಾನು ಅಂಥದೇ ಬಾಟ್ಲಿಗೆ ಕಾಫಿ ಹಾಕಿಕೊಟ್ಟೋಳು ಅಂತ ದಿನಾ ಸಾಯ್ತಿದೀನಿ. ಈಗ ನೀವು ಬಂದು ಹೇಳಿ ಹಗುರ ಮಾಡ್ಕೊಂಡ್ರಿ. ನಾನು ಯಾರ ಹತ್ರ ಹೋಗಿ ಹೇಳ್ಲಿ?"

ಅವಳು ನೀರು ಚೆಲ್ಲಿ ಒಳಗೆ ಹೋದಳು. ದಾರಿಯಲ್ಲಿ ರೌಶನ್ ಬೀ, "ಏನಂದ್ರು?" ಎಂದು ಕೇಳಿದಾಗ, "ಸರಿಯಾಗೇ ಅಂದ್ರು," ಎಂದಷ್ಟೇ ಹೇಳಿದ.

ಚನ್ನಕೇಶವ ಗೌಡರು ತಮ್ಮ ತೋಟದ ಎಲ್ಲ ಕ್ಯಾನುಗಳಿಗೂ ಆ ಮೂತಿ ಹಾಕಿಸಿದರು. ಅವರನ್ನು ನೋಡಿ ಇನ್ನು ನಾಲ್ಕಾರು ತೋಟದವರು ಕೇಳಿ ಬಂದರು. ಕುಯ್ಲು ಮುಗಿಯುವ ಹೊತ್ತಿಗೆ ಸಮೀಉಲ್ಲಾ ನಲವತ್ತು ಮೂತಿ ಮಾಡಿದ್ದ. ಒಮ್ಮೆ ಬೇರೆ ಕೆಲಸಕ್ಕೆಂದು ಒಂದು ತೋಟಕ್ಕೆ ಹೋದವನು ಸ್ಟೋರಿನ ಮೂಲೆಯಲ್ಲಿ ತನ್ನದೇ ಬಳೆ, ಸ್ಪ್ರಿಂಗ್ ಕಿತ್ತು ಬಿದ್ದಿರುವುದನ್ನು ಕಂಡ. ನಿಧಾನ ಆಗ್ತದೆ ಸಾಬ್ರೆ ಎಂದರು ಅಲ್ಲಿಯವರು. ಕಿಟಕಿಯಲ್ಲಿ ಔಷಧಿ ತುಂಬಿದ ಬಾಟಲಿಗಳು ಸಾಲಾಗಿದ್ದವು. ಅವನು ಆ ದಿನ ಜಗಳವಾಡಿದ, ಯಾವತ್ತೂ ಎತ್ತರದ ದನಿ ತೆಗೆಯದವನು ಕೂಗಾಡಿದ. ಆಮೇಲೆ ಬಳೆ, ಸ್ಪ್ರಿಂಗ್ ಎತ್ತಿಕೊಂಡು ಬಂದು ಇನ್ನಷ್ಟು ಬೇಗ ಸುರಿಯುವಂತೆ ಕೊಳವೆ ದಪ್ಪ ಮಾಡಿದ. ಅದನ್ನು ನೋಡಿ ತಪ್ಪು ಹೇಳುವವರು ಯಾರೂ ಇರಲಿಲ್ಲ.

ಏಪ್ರಿಲ್‌ನಲ್ಲಿ, ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದ ಮಾರನೆಯ ದಿನ, ಕಲ್ಲಮ್ಮ ಶಾಪಿಗೆ ಬಂದಳು. ಗೌಡರು ಅವಳನ್ನು ಈಗ ಔಷಧಿ ಸ್ಟೋರಿಗೆ ಹಾಕಿದ್ದರು, ಗ್ಯಾಂಗಿನವರ ಪಂಪು ತುಂಬಿಸಿಕೊಡುವುದು ಅವಳ ಕೆಲಸ. ಚೀಲದಿಂದ ಒಂದು ಮೂತಿ ತೆಗೆದು ಮೇಜಿನ ಮೇಲಿಟ್ಟಳು.

"ಇದು ಪೂರ್ತಿ ಮುಚ್ತಿಲ್ಲ. ಎತ್ತಿದ ಮೇಲೂ ಎರಡು ಹನಿ ಬೀಳ್ತದೆ."

ಸಮೀಉಲ್ಲಾ ಬಿಚ್ಚಿ ನೋಡಿದ. ಔಷಧಿ ಒಣಗಿ ಒಳಗೆ ಕಟ್ಟಿಕೊಂಡಿತ್ತು. ಕೆರೆದು, ತೊಳೆದು, ದಿನದ ಕೆಲಸ ಮುಗಿದ ಮೇಲೆ ನೀರು ಹಾಯಿಸುವುದು ಹೇಗೆಂದು ತೋರಿಸಿದ. ಅವಳು ಮೂತಿಯನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಬಿಚ್ಚಿದಳು, ಜೋಡಿಸಿದಳು, ಮತ್ತೆ ಬಿಚ್ಚಿದಳು. ಚಾ ತರಿಸಲೇ ಎಂದು ಅವನು ಕೇಳಿದ. ಬೇಡ, ಬಸ್ಸು ಬರುತ್ತದೆ ಎಂದಳು.

ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಅವಳು ರಸ್ತೆಯ ಆಚೆ ಬದಿಯ ನೆರಳಿನಲ್ಲಿ ಚೀಲ ತಬ್ಬಿಕೊಂಡು ನಿಂತಳು. ಅವಳು ಹತ್ತಿ ಹೋಗುವವರೆಗೂ ಸಮೀಉಲ್ಲಾ ವೆಲ್ಡಿಂಗ್ ಶುರು ಮಾಡಲಿಲ್ಲ.